ಮಲ್ಲಿಗೆಗೆ ಒಂದು ಕೊಡ ನೀರು

ಮಲ್ಲಿಗೆಯ ವಾಸನೆ ಬಂದರೆ ಎಲ್ಲರೂ ಮೂಗರಳಿಸುತ್ತಾರೆ. ನನಗೆ ಸಿಟ್ಟು ಬರುತ್ತದೆ. ಹೂವು ನಿನಗೇನು ಮಾಡಿತು ಎಂದು ಮನೆಯವರು ನಗುತ್ತಾರೆ. ಹೂವು ಏನೂ ಮಾಡಲಿಲ್ಲ. ಮಾಡಿದವರು ನಮ್ಮವರು. ಅವರಲ್ಲಿ ಮೊದಲನೆಯವರು, ಆದವಾನಿಯ ಹತ್ತಿ ಪೇಟೆಯೆಲ್ಲ ಕೈ ಮುಗಿಯುತ್ತಿದ್ದ ನಮ್ಮ ತಾತ. ಎರಡನೆಯವರ ವಿಷಯ ಹೇಳಲು ನನಗೆ ಇಂದಿಗೂ ಮನಸ್ಸು ಬರುವುದಿಲ್ಲ. ಆದರೂ ಹೇಳುತ್ತೇನೆ.

ಯುದ್ಧದ ದಿನಗಳು. ನನಗೆ ಹತ್ತೋ ಹನ್ನೊಂದೋ ವಯಸ್ಸು. ನಮ್ಮ ಮನೆಯ ಹಿತ್ತಲಲ್ಲಿ ಇರಬೇಕಾದದ್ದೆಲ್ಲ ಇತ್ತು. ಕಣಗಿಲೆ ಇತ್ತು, ನಂದಬಟ್ಟಲು ಇತ್ತು, ಪೂಜೆಗೆ ಪತ್ರಿ ಗಿಡವಿತ್ತು, ಯುಗಾದಿ ಹೊತ್ತಿಗೆ ನೆಲದ ತುಂಬ ಹೂವು ಉದುರಿಸುವ ಬೇವಿನ ಮರವಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ಬಾವಿ ಇತ್ತು. ಬಂಡೆ ಒಡೆದು ತೋಡಿದ ಬಾವಿ, ಎಂಥ ಬಿಸಿಲಿಗೂ ತಳ ಕಾಣುತ್ತಿರಲಿಲ್ಲ. ಮಲ್ಲಿಗೆ ಮಾತ್ರ ನಮ್ಮದಾಗಿರಲಿಲ್ಲ. ಎಷ್ಟು ಸಲ ಊರಿದರೂ ನಮ್ಮ ಹಿತ್ತಲಿಗೆ ಅದು ಹತ್ತಲೇ ಇಲ್ಲ.

ಮಲ್ಲಿಗೆ ಇದ್ದದ್ದು ಹಿಂದಿನ ಮನೆಯಲ್ಲಿ. ನಮ್ಮ ಬಾಗಿಲು ಒಂದು ಓಣಿಗೆ, ಅವರ ಬಾಗಿಲು ಇನ್ನೊಂದು ಓಣಿಗೆ. ಹಿತ್ತಲುಗಳು ಮಾತ್ರ ಬೆನ್ನಿಗೆ ಬೆನ್ನು ಕೊಟ್ಟಿದ್ದವು, ನಡುವೆ ಒಂದು ಕಲ್ಲುಮಣ್ಣಿನ ಗೋಡೆ. ಅವರು ಕುರುಬರು. ಗಂಡ ಬೇಸಿಗೆ ಬಂತೆಂದರೆ ಕುರಿ ಹೊಡೆದುಕೊಂಡು ಮಾಧವರದ ಕಡೆ ಹೊಳೆದಂಡೆಗೆ ಹೋಗುತ್ತಿದ್ದ, ಮಳೆ ಬಿದ್ದ ಮೇಲೆ ತಿರುಗಿ ಬರುತ್ತಿದ್ದ. ಮನೆಯಲ್ಲಿ ಹೆಂಡತಿ ಒಬ್ಬಳೇ ಕೂತು ಕಂಬಳಿಗೆ ಉಣ್ಣೆ ನೂಲುತ್ತಿದ್ದಳು. ಅವ್ವ ಅವಳನ್ನು ಅಕ್ಕ ಎನ್ನುತ್ತಿದ್ದಳು, ಅದನ್ನು ಕೇಳಿ ನಾನೂ ಅಕ್ಕ ಎಂದೇ ಕರೆಯುತ್ತಿದ್ದೆ. ಇದ್ದ ಒಬ್ಬ ಮಗಳನ್ನು ದೇವನಕೊಂಡಕ್ಕೆ ಕೊಟ್ಟಿದ್ದಳು. ಆ ಮಗಳು ಚಿಕ್ಕವಳಿದ್ದಾಗ ಅಜ್ಜಿಯ ಊರು ನಂದವರದಿಂದ ಮಲ್ಲಿಗೆಯ ಒಂದು ಗೆಣ್ಣು ತಂದು ಗೋಡೆಯ ಬುಡಕ್ಕೆ ಊರಿದ್ದಳಂತೆ. ಅದೇ ಬೆಳೆದು ಗೋಡೆ ಹತ್ತಿ, ಅರ್ಧ ಬಳ್ಳಿ ನಮ್ಮ ಕಡೆಗೆ ಇಳಿಬಿದ್ದಿತ್ತು.

ನಮ್ಮ ಕಡೆ ಇಳಿಬಿದ್ದದ್ದು ನಮ್ಮದು. ಇದು ತಾತನ ನ್ಯಾಯ. ಫಾಲ್ಗುಣ ಕಳೆಯುವ ಹೊತ್ತಿಗೆ ಬಳ್ಳಿ ಮೊಗ್ಗು ಕಚ್ಚುತ್ತಿತ್ತು. ದಿನಾ ಸಂಜೆ ಆ ಮೊಗ್ಗುಗಳನ್ನು ಬಿಡಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಬೆಳಗಿನ ಲಿಂಗಪೂಜೆಗೆ ಇಡುವುದು ಅವ್ವನ ಕೆಲಸ. ತಾತ ಅಂಗೈಯಲ್ಲಿ ಲಿಂಗವನ್ನಿಟ್ಟುಕೊಂಡು, ಅರಳಿದ ಮಲ್ಲಿಗೆಯನ್ನು ಅದರ ಮೇಲೇರಿಸಿ, ಕಣ್ಣು ಮುಚ್ಚಿ ಕುಳಿತರೆ ನೋಡಿದವರು ಧನ್ಯರಾಗಬೇಕು. ಪೂಜೆ ಮುಗಿದ ಮೇಲೆ ವಚನ ಹಾಡುತ್ತಿದ್ದರು. ಕುಲವಿಲ್ಲ, ಮೇಲಿಲ್ಲ, ಕೀಳಿಲ್ಲ ಎಂದು ಹಾಡುವಾಗ ಅವರ ಕಣ್ಣಲ್ಲಿ ನೀರು ಬರುತ್ತಿತ್ತು. ಸುಳ್ಳಲ್ಲ, ನಿಜವಾಗಿಯೂ ಬರುತ್ತಿತ್ತು. ಅದಕ್ಕೇ ನನಗೆ ಇನ್ನಷ್ಟು ಉರಿಯುತ್ತದೆ.

ಆ ವರ್ಷ ಯುಗಾದಿಗೆ ಮುಂಚೆಯೇ ಅವರ ಓಣಿಯ ಬಾವಿ ಬತ್ತಿತು. ಅಕ್ಕ ಬೆಟ್ಟದ ಬುಡದ ಬಾವಿಯವರೆಗೆ ನಡೆದುಹೋಗಿ ನೀರು ತರಬೇಕಾಯಿತು. ತಲೆಯ ಮೇಲೊಂದು, ಸೊಂಟದಲ್ಲೊಂದು ಕೊಡ ಹೊತ್ತು ಬರುವಾಗ ಬಿಸಿಲಿಗೆ ಅವಳ ಮುಖ ಕಪ್ಪಿಟ್ಟಿರುತ್ತಿತ್ತು. ಕುಡಿಯಲು, ಅಡಿಗೆಗೆ ಅಷ್ಟೇ ಸಾಲುತ್ತಿತ್ತು. ಮುಖ ತೊಳೆದ ನೀರು, ಪಾತ್ರೆ ತೊಳೆದ ನೀರು ಮಲ್ಲಿಗೆಗೆ. ಬಳ್ಳಿಯ ಎಲೆ ಹಳದಿಯಾಗತೊಡಗಿತು.

ಅದೇ ವರ್ಷ ಮಗಳು ಬಸುರಿ. ದವನದ ಹುಣ್ಣಿಮೆಯ ದಿನ ತವರಿನಲ್ಲಿ ಕುಬುಸ ಮಾಡುವುದೆಂದು ಗೊತ್ತಾಗಿತ್ತು. ಹಸಿರು ಬಳೆ, ಹಸಿರು ಸೀರೆ ಹೇಗೋ ಆಗುತ್ತವೆ. ತಲೆಗೆ ಮಾತ್ರ ಅವಳೇ ನೆಟ್ಟ ಮಲ್ಲಿಗೆ ಮುಡಿಸಬೇಕು ಎಂಬುದು ಅಕ್ಕನ ಆಸೆ. ಅದಕ್ಕಿಂತ ದೊಡ್ಡದನ್ನೇನೂ ಅವಳು ಬೇಡಿದವಳಲ್ಲ. ಹುಣ್ಣಿಮೆಯವರೆಗೆ ಬಳ್ಳಿ ಉಳಿಯಬೇಕಿತ್ತು, ಅಷ್ಟೇ.

ಒಂದು ದಿನ ಅವಳು ಓಣಿ ಸುತ್ತಿ ಬಂದು ನಮ್ಮ ಕಟ್ಟೆಯ ಕೆಳಗೆ ನಿಂತಳು. ತಾತ ಮೇಲೆ ಕೂತಿದ್ದರು.

“ಸಾವ್ಕಾರ್ರ, ಮಲ್ಲಿಗಿ ಬಳ್ಳಿ ಒಣಗಾಕತೈತ್ರಿ. ಸಂಜಿಕೊಮ್ಮೆ ಒಂದು ಕೊಡ ನೀರು ಕೊಡಸ್ರಿ. ನಾ ನಿಮ್ಮ ಬಾವಿ ಹತ್ರ ಬರಂಗಿಲ್ರಿ. ನೀವ ಸೇದಿ ಗೋಡಿ ಮ್ಯಾಲಿಂದ ಸುರದ್ರೂ ಸಾಕು.”

ಎಷ್ಟು ಯೋಚಿಸಿ ಕೇಳಿದ್ದಳು ನೋಡಿ. ನಮ್ಮ ಹಗ್ಗ ಮುಟ್ಟುವುದಿಲ್ಲ, ನಮ್ಮ ಕೊಡ ಮುಟ್ಟುವುದಿಲ್ಲ, ಹಿತ್ತಲಿಗೆ ಕಾಲಿಡುವುದಿಲ್ಲ.

ತಾತ ಬೈಯಲಿಲ್ಲ. ಅವರು ಯಾರನ್ನೂ ಬೈದವರಲ್ಲ. “ಆ ಬಾವಿ ನೀರು ಲಿಂಗದ ಮಜ್ಜನಕ್ಕ ಇಟ್ಟದ್ದವ್ವ,” ಎಂದರು ಮೆತ್ತಗೆ. “ಒಬ್ಬರಿಗೆ ಕೊಟ್ರ ಓಣಿಗೆಲ್ಲ ಕೊಡಬೇಕಾಗ್ತದ. ಶಿವ ಕಾಯ್ತಾನ, ಹೋಗು.”

ಲಿಂಗಕ್ಕೆ ಇಟ್ಟ ಆ ಬಾವಿಯ ನೀರಿನಲ್ಲೇ ನಮ್ಮ ಎತ್ತುಗಳು ಮೈ ತೊಳೆಸಿಕೊಳ್ಳುತ್ತಿದ್ದವು. ಅಕ್ಕನಿಗೂ ಅದು ಗೋಡೆಯ ಮೇಲಿಂದ ಕಾಣುತ್ತಿತ್ತು. ಆದರೂ ಅವಳು ಎದುರಾಡದೆ ಕೈ ಮುಗಿದು ಹೊರಟುಹೋದಳು. ಅಂದು ಸಂಜೆ ತಾತ ಅವ್ವನಿಗೆ ಮೊಗ್ಗು ಬಿಡಿಸಲು ಹೇಳುವುದನ್ನು ಮರೆಯಲಿಲ್ಲ. ನಾನು ಸುಮ್ಮನಿರಲಾರದೆ, ಅವರ ನೀರು ನಮಗೆ ನಡೆಯದಿದ್ದರೆ ಹೂವು ಹೇಗೆ ನಡೆಯುತ್ತದೆ ಎಂದು ಕೇಳಿದೆ.

“ಹೂವಿಗೆ ಮೈಲಿಗಿ ಇಲ್ಲ, ತಂಗಿ,” ಎಂದರು.

ಹೂವಿಗೆ ಮೈಲಿಗೆ ಇಲ್ಲವಂತೆ. ಬೇರಿಗೆ ಮಾತ್ರ ಇದೆಯಂತೆ. ಇಂಥ ಅನುಕೂಲದ ಶಾಸ್ತ್ರವನ್ನು ಯಾವ ಪುಣ್ಯಾತ್ಮ ಬರೆದನೋ, ಅವನ ಮನೆ ಹಾಳಾಗ.

ಮರುದಿನ ಬೆಳಿಗ್ಗೆ ಅವ್ವ ಒಂದು ಕೆಲಸ ಮಾಡಿದಳು. ನಮ್ಮಲ್ಲಿ ದೊಡ್ಡವರು ಚಿಕ್ಕವರು ಎನ್ನದೆ ಎಲ್ಲರ ಕೊರಳಲ್ಲೂ ಲಿಂಗವಿರುತ್ತದೆ, ಎಲ್ಲರೂ ದಿನಾ ಅದಕ್ಕೆ ನೀರೆರೆದು ಪೂಜೆ ಮಾಡುತ್ತಾರೆ. ಹಾಗೆ ಎರೆದ ನೀರನ್ನು ತುಳಿಯಬಾರದು. ಒಂದು ಹಿತ್ತಾಳೆ ಬೋಗುಣಿಯಲ್ಲಿ ಹಿಡಿದು, ಯಾರೂ ಕಾಲಿಡದ ಕಡೆ ಗಿಡದ ಬುಡಕ್ಕೆ ಹಾಕಬೇಕು. ನಮ್ಮ ಮನೆಯಲ್ಲಿ ಅದು ಪತ್ರಿ ಗಿಡಕ್ಕೆ ಹೋಗುತ್ತಿತ್ತು. ಅವ್ವ ಅದನ್ನು ಗೋಡೆಯ ಬುಡಕ್ಕೆ, ಮಲ್ಲಿಗೆಯ ಬೇರು ಇರುವ ಕಡೆಗೆ ಹಾಕತೊಡಗಿದಳು. ತುಂಬಿದ ಮನೆ, ಬೋಗುಣಿಯೂ ತುಂಬುತ್ತಿತ್ತು. ಅದರ ಹಿಂದೆಯೇ ಬೋಗುಣಿ ತೊಳೆಯುವ ನೆಪದಲ್ಲಿ ಇನ್ನೊಂದಿಷ್ಟು ನೀರು ಸುರಿಯುತ್ತಿದ್ದಳು. ಬಳ್ಳಿ ಚೇತರಿಸಿಕೊಂಡಿತು. ಗೋಡೆಯಾಚೆಯಿಂದ ಅಕ್ಕ, “ನಿಮ್ಮ ಹೊಟ್ಟಿ ತಣ್ಣಗಿರಲಿ, ಅವ್ವಾರ,” ಎಂದಳು. ಅವ್ವ ಬಾಯಿಯ ಮೇಲೆ ಬೆರಳಿಟ್ಟು ಸನ್ನೆ ಮಾಡಿದಳು.

ಹೆಚ್ಚು ದಿನ ಮುಚ್ಚಿಡಲಾಗಲಿಲ್ಲ. ಗೋಡೆಯ ಬುಡ ಹಸಿಯಾಗಿರುವುದನ್ನು ತಾತ ಕಂಡರು. ಅವತ್ತು ಮೊದಲ ಸಲ ಅವರ ದನಿ ಏರಿದ್ದನ್ನು ಕೇಳಿದೆ.

“ಲಿಂಗದ ನೀರು ಭವಿ ಗಿಡಕ್ಕ ಹಾಕ್ತೀಯೇನು?”

ಲಿಂಗ ಕಟ್ಟದವರನ್ನು ನಮ್ಮವರು ಭವಿ ಎನ್ನುತ್ತಿದ್ದರು. ಮನುಷ್ಯರನ್ನು ಹಾಗೆ ಎರಡು ಪಾಲು ಮಾಡಿದ್ದು ಸಾಲದೆಂದು ನಮ್ಮ ತಾತ ಗಿಡಗಳಿಗೂ ದೀಕ್ಷೆ ಕೇಳಿದರು. ಆ ಭವಿ ಗಿಡದ ಹೂವನ್ನು ಅಂದು ಬೆಳಿಗ್ಗೆ ತಾನೇ ಲಿಂಗದ ನೆತ್ತಿಗೇರಿಸಿದ್ದರು. ಎಳ್ಳಷ್ಟೂ ಅಳುಕಿರಲಿಲ್ಲ. ಮರುದಿನದಿಂದ ಬೋಗುಣಿಯ ನೀರನ್ನು ತಾವೇ ನಿಂತು ಪತ್ರಿ ಗಿಡಕ್ಕೆ ಹಾಕಿಸಿದರು. ಅಪ್ಪ ಎಲ್ಲವನ್ನೂ ಕೇಳಿಸಿಕೊಂಡು, ಏನೂ ಕೇಳಿಸದವರ ಹಾಗೆ ಪೇಟೆಗೆ ಹೋದರು. ತಂದೆಯ ಎದುರು ಅವರಿಗೆ ಬಾಯಿಯೇ ಇರಲಿಲ್ಲ.

ಹುಣ್ಣಿಮೆ ಬಂತು. ಹಿಂದಿನ ಸಂಜೆ ಅಕ್ಕ ಗೋಡೆಯ ಮೇಲೆ ಮುಖ ಹಾಕಿ ಅವ್ವನನ್ನು ಕರೆದಳು. ಅವಳ ಕಡೆಯ ಬಳ್ಳಿಯಲ್ಲಿ ಮೊಗ್ಗು ಕಡಿಮೆ, ಬಿಸಿಲೆಲ್ಲ ಆ ಕಡೆಗೇ ಬೀಳುತ್ತಿತ್ತು. ನಮ್ಮ ಕಡೆ, ಬೇವಿನ ನೆರಳಿನಲ್ಲಿ, ಬಳ್ಳಿ ಬೆಳ್ಳಗೆ ತುಂಬಿಕೊಂಡಿತ್ತು.

“ಇವತ್ತೊಂದಿನ ಬಿಡಿಸಬ್ಯಾಡ್ರಿ, ಅವ್ವಾರ. ನಾಳಿಗೆ ನನ್ನ ಮಗಳ ತಲಿಗೆ ಬೇಕು.”

ತಾತ ಬಾವಿಕಟ್ಟೆಯ ಹತ್ತಿರವೇ ಇದ್ದರು. “ನಾಳೆ ಸೋಮವಾರ, ಮ್ಯಾಲೆ ಹುಣ್ಣಿಮಿ. ಪೂಜಿಗೆ ಹೂವಿಲ್ಲದ ಹೆಂಗ? ಬಿಡಿಸು,” ಎಂದು ಅವ್ವನಿಗೆ ಹೇಳಿ ಒಳಗೆ ಹೋದರು. ಅಕ್ಕನ ಮುಖ ಗೋಡೆಯಾಚೆ ಇಳಿದುಹೋಯಿತು. ಅವ್ವ ಒಂದೂ ಬಿಡದಂತೆ ಬಿಡಿಸಿದಳು. ನಾನು ಸಿಟ್ಟಿಗೆ ಬುಟ್ಟಿ ಹಿಡಿಯಲಿಲ್ಲ, ಊಟವನ್ನೂ ಮಾಡಲಿಲ್ಲ.

ಬೆಳಿಗ್ಗೆ ನೋಡುತ್ತೇನೆ, ತಾತನ ಪೂಜೆಯ ತಟ್ಟೆಯಲ್ಲಿ ಬರೀ ಪತ್ರಿ ಮತ್ತು ನಾಲ್ಕು ನಂದಬಟ್ಟಲು. ಮಲ್ಲಿಗೆಯೆಲ್ಲ ಅವ್ವನ ಮಡಿಲಲ್ಲಿ, ಒತ್ತಾಗಿ ಕಟ್ಟಿದ ಉದ್ದನೆಯ ದಂಡೆಯಾಗಿತ್ತು.

“ಹೂವೆಲ್ಲಿ?” ಎಂದರು ತಾತ.

ಅವ್ವ ಬಾಗಿಲ ಮರೆಯಿಂದಲೇ ಹೇಳಿದಳು. “ಯಾರ ಹೂವು ಅವರಿಗೆ ಕೊಟ್ಟು ಬರ್ತೀನ್ರಿ, ಮಾವಾರ.”

ನಮ್ಮ ಮನೆಯಲ್ಲಿ ಸೊಸೆಯೊಬ್ಬಳು ಹಾಗೆ ಮಾತಾಡಿದ್ದನ್ನು ಗೋಡೆಗಳೂ ಕೇಳಿರಲಿಲ್ಲ. ಅವ್ವ ದಂಡೆ ಹಿಡಿದು ಹೊಸ್ತಿಲು ದಾಟಿದಳು. ನಾನು ಅವ್ವನ ಸೆರಗು ಹಿಡಿದುಕೊಂಡು ಹೊರಟೆ. ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಇಂಥ ತಾಯಿ ಯಾರಿಗಿದ್ದಾಳೆ ಎಂದು ಬಿಸಿಲಲ್ಲಿ ಓಣಿ ಸುತ್ತಿ ನಡೆದೆ.

ಅಕ್ಕನ ಮನೆಯಲ್ಲಿ ಹೆಂಗಸರು ತುಂಬಿದ್ದರು. ಮಗಳು ಕಂಬಳಿಯ ಮೇಲೆ ಕೂತಿದ್ದಳು, ಕೈ ತುಂಬ ಹಸಿರು ಬಳೆ. ಅವ್ವ ಬಾಗಿಲಲ್ಲಿ ನಿಂತದ್ದನ್ನು ಕಂಡು ಎಲ್ಲರೂ ಎದ್ದು ಜಾಗ ಬಿಟ್ಟರು. ಅವ್ವ ದಂಡೆ ಕೊಟ್ಟಳು. ಅಕ್ಕ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿ, ಮಗಳ ಜಡೆಗೆ ಮುಡಿಸಿದಳು. ಅವಳ ಕಣ್ಣಲ್ಲಿ ನೀರಾಡಿತು. ಮಗಳು ಕತ್ತು ಬಗ್ಗಿಸಿ ಮೂಸಿ ನೋಡಿ ನಕ್ಕಳು. ಅಷ್ಟಕ್ಕೇ ನಾವು ಎದ್ದು ಬಂದಿದ್ದರೆ ಈ ಕತೆಯನ್ನು ನಾನು ನಗುತ್ತ ಹೇಳುತ್ತಿದ್ದೆ.

ಅಕ್ಕ ಒಳಗೆ ಹೋಗಿ ಒಂದು ತಂಬಿಗೆ ನೀರು ತಂದಳು. ಹುಣಸೆಹಣ್ಣು ಹಚ್ಚಿ ತಿಕ್ಕಿದ ತಂಬಿಗೆ, ಫಳಫಳ ಹೊಳೆಯುತ್ತಿತ್ತು. ಬೆಟ್ಟದ ಬುಡದಿಂದ ತಲೆಯ ಮೇಲೆ ಹೊತ್ತು ತಂದ ನೀರು.

“ಬಿಸಲಾಗ ಬಂದೀರಿ. ಒಂದು ಗುಟುಕು ಕುಡೀರಿ, ಅವ್ವಾರ.”

ಅವಳಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಇಷ್ಟು ದೂರ ಬಂದವಳು ಇನ್ನೊಂದು ಹೆಜ್ಜೆ ಬಂದಾಳು ಎಂದುಕೊಂಡಿದ್ದಳು. ಎಲ್ಲ ಹೆಂಗಸರೂ ಅವ್ವನ ಕೈಯನ್ನೇ ನೋಡುತ್ತಿದ್ದರು.

“ಬ್ಯಾಡಕ್ಕ,” ಎಂದಳು ಅವ್ವ. “ಈಗಷ್ಟ ಕುಡದು ಬಂದೀನಿ.”

ನನಗೆ ಬಾಯಿ ಒಣಗಿತ್ತು. ನಾನು ತಂಬಿಗೆಗೆ ಕೈ ಚಾಚಿದೆ. ಅವ್ವ ನನ್ನ ಮಣಿಕಟ್ಟನ್ನು ಹಿಡಿದು ಕೆಳಕ್ಕೆ ಒತ್ತಿದಳು, ಬಳೆ ಚರ್ಮಕ್ಕೆ ನಾಟುವಷ್ಟು ಬಲವಾಗಿ. ಮೂಲೆಯಲ್ಲಿದ್ದ ದೇವನಕೊಂಡದ ಬೀಗಿತಿ ತೆಲುಗಿನಲ್ಲಿ, “ವಾಳ್ಳು ತಾಗರುಲೇ,” ಎಂದಳು. ಅವರು ಕುಡಿಯುವುದಿಲ್ಲ ಬಿಡು ಎಂದಷ್ಟೇ ಅದರ ಅರ್ಥ. ಅದರಲ್ಲಿ ಕುಹಕವೂ ಇರಲಿಲ್ಲ, ಬಿಸಿಲು ಜೋರಾಗಿದೆ ಎನ್ನುವ ಹಾಗೆ ಹೇಳಿದಳು.

“ಇರಲಿ ಬಿಡ್ರಿ,” ಎಂದಳು ಅಕ್ಕ. ತಂಬಿಗೆ ಹಿಡಿದುಕೊಂಡು ಹಿತ್ತಲಿಗೆ ಹೋದಳು. ತೆರೆದ ಬಾಗಿಲಿನಿಂದ ನನಗೆ ಕಾಣುತ್ತಿತ್ತು. ಒಂದು ಹನಿಯನ್ನೂ ಚೆಲ್ಲದೆ ಆ ನೀರನ್ನು ಮಲ್ಲಿಗೆಯ ಬುಡಕ್ಕೆ ಸುರಿದಳು. ತಿರುಗಿ ಬಂದು ಅವ್ವನಿಗೆ ಕುಂಕುಮ ಹಚ್ಚಿ, ಉಡಿಗೆ ಎಲೆ ಅಡಿಕೆ ಕೊಬ್ಬರಿ ಹಾಕಿದಳು. ಅವನ್ನು ಅವ್ವ ತೆಗೆದುಕೊಂಡಳು. ಒಣಗಿದ್ದಕ್ಕೆ ಮೈಲಿಗೆ ಇಲ್ಲವಲ್ಲ.

ತಾತ ಅವ್ವನ ಜೊತೆ ಬಹಳ ದಿನ ಮಾತು ಬಿಟ್ಟರು. ಬಿಡಲಿ. ಅವರು ಹಾಗೆಯೇ ಹುಟ್ಟಿದ್ದರು, ಹಾಗೆಯೇ ಹೋದರು. ಅವರ ಮೇಲಿನ ಸಿಟ್ಟು ಅವರ ಜೊತೆ ಮಣ್ಣಿಗೆ ಹೋಯಿತು. ಅವ್ವನ ಮೇಲಿನದು ಹೋಗಲಿಲ್ಲ. ಮಾವನ ಮುಖಕ್ಕೆ ಮಾತಾಡುವ ಗುಂಡಿಗೆ ಇದ್ದವಳಿಗೆ ಒಂದು ಗುಟುಕು ನೀರು ನುಂಗುವ ಗುಂಡಿಗೆ ಇರಲಿಲ್ಲವೇ? ಅಂದು ಮನೆಗೆ ಬರುವ ದಾರಿಯಲ್ಲೇ ಕೇಳಿದೆ. “ನಿನಗೆ ತಿಳಿಯಂಗಿಲ್ಲ, ಸುಮ್ನ ನಡಿ,” ಎಂದಳು. ನನಗೆ ಈಗಲೂ ತಿಳಿದಿಲ್ಲ.

ಕುಬುಸದ ಮರುದಿನ ಸಂಜೆ ಅವ್ವ ಎಂದಿನಂತೆ ಬುಟ್ಟಿ ಹಿಡಿದು ಹಿತ್ತಲಿಗೆ ಹೋದಳು. ಗೋಡೆ ಬೋಳಾಗಿತ್ತು. ನಮ್ಮ ಕಡೆ ಇಳಿಬಿದ್ದ ಒಂದೊಂದು ಕೊನೆಯನ್ನೂ ಆಚೆಗೆ ಎಳೆದುಕೊಂಡು, ಅಕ್ಕ ತನ್ನ ಹಿತ್ತಲ ಗೂಟಕ್ಕೆ ಉಣ್ಣೆಯ ಹುರಿಯಿಂದ ಕಟ್ಟುತ್ತಿದ್ದಳು.

“ಯಾಕಕ್ಕ, ಬಳ್ಳಿ ಎಲ್ಲ ಆ ಕಡಿಗೆ ಎಳಕೊಂಡೀದಿ?” ಎಂದಳು ಅವ್ವ.

ಅಕ್ಕ ಗಂಟು ಬಿಗಿದು, ಮೆತ್ತಗೇ ಹೇಳಿದಳು.

“ನಮ್ಮ ಮನಿ ನೀರು ಕುಡದ ಗಿಡ ಐತ್ರಿ, ಅವ್ವಾರ. ನಿಮಗ ನಡಿಯಂಗಿಲ್ಲ.”