ನೀಲಕ್ಕನ ಗಾಯ ಮಾಗಿದ ವರ್ಷ

ನಾಗಪುರದ ಮನೀಶ್ ನಗರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕನ್ನಡ ಮಾತಾಡುವ ಮನೆಗಳು ಎರಡೇ. ಒಂದು ನಮ್ಮದು, ಇನ್ನೊಂದು ಎದುರು ಬಾಗಿಲಿನ ನೀಲಾಂಬಿಕಾ ಅವರದು. ನಾನು ಮೈಸೂರಿನವಳು, ಅವರು ಗದಗ ಕಡೆಯವರು. ವಯಸ್ಸಿನಲ್ಲಿ ದೊಡ್ಡವರಾದ್ದರಿಂದ ಅವರು ನನಗೆ ನೀಲಕ್ಕ, ಅವರಿಗೆ ನಾನು ಬರೀ ವೇದಾ. ನಿಮ್ಮ ಕಥೆ ಬರೆಯಲೇ ಎಂದು ಕೇಳಿದಾಗ ಅವರು ನಕ್ಕರು. "ಬರಿಯವಾ, ಅದರಾಗೇನೈತಿ? ಮುಚ್ಚಿಟ್ಟು ಮುಚ್ಚಿಟ್ಟು ನನ್ನ ಬೆನ್ನ ಬಾಗಿ ಹೋಗಿತ್ತು."

ಬೆನ್ನು ನಿಜವಾಗಿಯೂ ಬಾಗಿತ್ತು. ನೀಲಕ್ಕ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಪಿ.ಟಿ. ಟೀಚರು. ಚಿಕ್ಕಂದಿನಲ್ಲಿ ತಾಲ್ಲೂಕು ಮಟ್ಟದ ಓಟದಲ್ಲಿ ಅವರನ್ನು ಹಿಂದೆ ಹಾಕುವವರು ಇರಲಿಲ್ಲವಂತೆ. ಮೈನೆರೆದ ಮೇಲೆ ಎದೆ ಬೇಗ ಬೇಗ ಬೆಳೆಯಿತು. ಮೈದಾನದ ಅಂಚಿನಲ್ಲಿ ನಿಂತ ಗಂಡುಹುಡುಗರ ನಗು ಕೇಳಿಸಿದ ದಿನವೇ ಓಡುವುದು ನಿಂತಿತು. ಆಮೇಲೆ ಎಷ್ಟೋ ವರ್ಷ ಅವರು ಕೊರಳಲ್ಲಿ ಸೀಟಿ ಹಾಕಿಕೊಂಡು ಬೇರೆಯವರ ಮಕ್ಕಳನ್ನು ಓಡಿಸಿದರು. ಒಳಉಡುಪಿನ ಪಟ್ಟಿ ಕೊರೆದು ಎರಡೂ ಭುಜಗಳಲ್ಲಿ ಹಳ್ಳ ಬಿದ್ದಿತ್ತು. ಕತ್ತುನೋವು ಬಿಡುತ್ತಿರಲಿಲ್ಲ. ಬೇಸಿಗೆ ಬಂತೆಂದರೆ ಎದೆಯ ಕೆಳಗೆ ಬೆವರಿ ಹುಣ್ಣಾಗುತ್ತಿತ್ತು.

ಕತ್ತುನೋವಿಗೆಂದು ಹೋದ ಮೂಳೆ ಡಾಕ್ಟರು ಅವರನ್ನು ಪ್ಲಾಸ್ಟಿಕ್ ಸರ್ಜನ್ ಹತ್ತಿರ ಕಳಿಸಿದರು.

"ಅದು ಸಿನಿಮಾದವರಿಗಲ್ಲೇನ?" ಎಂದು ನೀಲಕ್ಕ ನನ್ನನ್ನೂ ಜೊತೆಗೆ ಕರೆದುಕೊಂಡು ಹೋದರು.

ಸರ್ಜನ್ ಹೆಂಗಸೇ, ಡಾಕ್ಟರ್ ಗಾವಂಡೆ. ಎದೆಯ ಭಾರ ಇಳಿಸುವ ಆಪರೇಷನ್ನಿನಲ್ಲಿ ಎಲ್ಲೆಲ್ಲಿ ಕೊಯ್ಯುತ್ತೇನೆಂದು ಕಾಗದದ ಮೇಲೆ ಗೆರೆ ಎಳೆದು ತೋರಿಸಿದರು. ಮೊಲೆತೊಟ್ಟಿನ ಸುತ್ತ ಒಂದು, ಅಲ್ಲಿಂದ ನೇರ ಕೆಳಗೆ ಒಂದು, ಕೆಳಗಿನ ಮಡಿಕೆಯ ಉದ್ದಕ್ಕೂ ಇನ್ನೊಂದು. ಕೊನೆಗೆ ಪೆನ್ನು ಇಟ್ಟು ಹಿಂದಿಯಲ್ಲಿ ಹೇಳಿದರು: "ಬೋಝ್ ಉತರ್ ಜಾಯೇಗಾ. ಪರ್ ನಿಶಾನ್ ರಹೇಗಾ." ಭಾರ ಇಳಿಯುತ್ತದೆ, ಗುರುತು ಮಾತ್ರ ಉಳಿಯುತ್ತದೆ.

ನೀಲಕ್ಕನ ಯಜಮಾನರು ಉದಯ್, ಹಿಂಗಣಾದ ಫ್ಯಾಕ್ಟರಿಯೊಂದರಲ್ಲಿ ಯಂತ್ರಗಳಿಗೆ ರಬ್ಬರ್ ವಾಷರ್ ಕತ್ತರಿಸುವ ವಿಭಾಗದಲ್ಲಿದ್ದಾರೆ. ಮಾತು ಕಡಿಮೆ. ಅಂದು ಮಾತ್ರ ನನ್ನ ಎದುರಿಗೇ ಕೇಳಿದರು.

"ಆರಾಮಿದ್ದ ಮೈಗೆ ಕತ್ತರಿ ಹಾಕಿಸೂದಾ?"

ನೀಲಕ್ಕ ಅವರ ಕೈ ಹಿಡಿದು ತಮ್ಮ ಭುಜದ ಹಳ್ಳದ ಮೇಲಿಟ್ಟರು. ಬೆರಳು ಒಳಗೆ ಕೂತಿತು. "ಇದು ಆರಾಮೇನ್ರಿ?"

ಉದಯಣ್ಣ ಕೈ ತೆಗೆಯಲಿಲ್ಲ. ಮರುದಿನ ತಾವೇ ಫ್ಯಾಕ್ಟರಿಯಲ್ಲಿ ರಜೆ ಕೇಳಿ ಬಂದರು.

ದೀಪಾವಳಿ ರಜೆಯಲ್ಲಿ ಆಪರೇಷನ್ ಆಯಿತು. ಮರುದಿನ ನರ್ಸ್ ಅವರನ್ನು ಮೆಲ್ಲಗೆ ಎಬ್ಬಿಸಿ ನಿಲ್ಲಿಸಿದಾಗ ನಾನು ಅಲ್ಲಿದ್ದೆ. ಅಷ್ಟು ವರ್ಷ ನಾನು ನೀಲಕ್ಕನನ್ನು ಕೊಂಚ ತಲೆ ತಗ್ಗಿಸಿಯೇ ನೋಡುತ್ತಿದ್ದೆ. ಈಗ ಅವರ ಕಣ್ಣು ನೇರ ನನ್ನ ಕಣ್ಣಿಗೇ ಬಂತು. ಎತ್ತರ ಅವರಲ್ಲಿ ಮೊದಲಿನಿಂದಲೂ ಇತ್ತು, ನಾನೇ ಕಂಡಿರಲಿಲ್ಲ.

ಆದರೆ ಗಾಯ ನೋಡಿಕೊಳ್ಳಲು ಮಾತ್ರ ಅವರಿಗೆ ಧೈರ್ಯ ಬರಲಿಲ್ಲ. ಮೊದಲ ಸಲ ಪಟ್ಟಿ ಬಿಚ್ಚಿದಾಗ ಕಣ್ಣು ಬಿಗಿಯಾಗಿ ಮುಚ್ಚಿಕೊಂಡರು. "ವೇದಾ, ನೀ ನೋಡಿ ಹೇಳ."

ನಾನು ಹೆದರಿಕೊಂಡೇ ನೋಡಿದೆ. ಚರ್ಮದ ಎರಡು ಅಂಚುಗಳು ಆಗಲೇ ಒಂದನ್ನೊಂದು ಹಿಡಿದುಕೊಂಡಿದ್ದವು. ನಡುವೆ ಒಣಗಿದ ಒಂದು ಕಪ್ಪು ಗೆರೆ. ಹೊಲಿಗೆಗಳೆಲ್ಲ ಒಳಗೇ ಇದ್ದುದರಿಂದ ಮೇಲೆ ಒಂದೂ ಕಾಣುತ್ತಿರಲಿಲ್ಲ. ಅಷ್ಟು ದೊಡ್ಡ ಕೆಲಸ ನಡೆದ ಜಾಗ ಅಷ್ಟು ಶಾಂತವಾಗಿರುವುದು ನೋಡಿ ಇನ್ನೂ ಹತ್ತಿರ ಬಗ್ಗಿದೆ. ಡಾಕ್ಟರು ಅದನ್ನು ಕಂಡು ನಕ್ಕರು. ತಾನು ಅಂಚುಗಳನ್ನು ಹತ್ತಿರ ತಂದಿಡುತ್ತೇನೆ ಅಷ್ಟೇ, ಕೂಡಿಸುವುದು ಇವರ ಮೈಯೇ ಎಂದರು. ಅದು ಹೇಗೆಂದು ಪುಸ್ತಕದಲ್ಲಿ ಓದಿದ್ದರೂ ಪ್ರತಿ ಸಲ ಬೆರಗಾಗುತ್ತದಂತೆ.

"ಹ್ಯಾಂಗೈತಿ?" ನೀಲಕ್ಕ ಕಣ್ಣು ಮುಚ್ಚಿಕೊಂಡೇ ಕೇಳಿದರು.

"ಕೂಡ್ಕೊಂಡಿದೆ ನೀಲಕ್ಕ. ಚೆನ್ನಾಗಿ ಕೂಡ್ಕೊಂಡಿದೆ."

ಕೆಲವು ವಾರ ಕಳೆದು ಅವರು ಕನ್ನಡಿಯ ಮುಂದೆ ನಿಂತಾಗ ಗೆರೆ ಕೆಂಪಗಾಗಿ ಗಟ್ಟಿಯಾಗಿತ್ತು. "ಕೆಂಪು ಹಗ್ಗ ಸುತ್ತಿದಂಗೈತಿ" ಎಂದು ಅತ್ತರು. ಗಾಬರಿ ಬೇಡ, ಗಾಯ ಮುಚ್ಚಿದ ಮೇಲೂ ಒಳಗೆ ಕೆಲಸ ನಡೆಯುತ್ತಲೇ ಇರುತ್ತದೆ, ಮಾಗಲು ಒಂದು ವರ್ಷವೋ ಹೆಚ್ಚೋ ಬೇಕು ಎಂದರು ಡಾಕ್ಟರು. ಗೆರೆಯ ಮೇಲೆ ಸಿಲಿಕಾನ್ ಹಾಳೆ ಅಂಟಿಸಿಕೊಳ್ಳಬೇಕು, ಬೆರಳ ತುದಿಯಿಂದ ಮೆಲ್ಲಗೆ ತಿಕ್ಕಬೇಕು, ಅವರು ಹೇಳುವ ತನಕ ಭಾರ ಎತ್ತಬಾರದು.

ಹಾಳೆ ಚೌಕವಾಗಿ ಬರುತ್ತಿತ್ತು, ಎದೆಯ ಕೆಳಗಿನ ಗೆರೆಯೋ ಬಾಗಿದ್ದು. ಉದಯಣ್ಣ ಮೊದಲು ಪೇಪರಿನಲ್ಲಿ ಅಳತೆ ಕತ್ತರಿಸಿಕೊಂಡು, ಅದನ್ನು ಹಾಳೆಯ ಮೇಲಿಟ್ಟು ಅರ್ಧಚಂದ್ರದಂತೆ ಕತ್ತರಿಸಿಕೊಡುತ್ತಿದ್ದರು. ಮೂಲೆಗಳನ್ನು ಉರುಟು ಮಾಡುತ್ತಿದ್ದರು. "ಚೂಪಿದ್ರ ಅಲ್ಲಿಂದನ ಏಳ್ತೈತಿ" ಎಂದು ಅವರು ಹೇಳುವಾಗ ಕತ್ತರಿ ಬೇಡವೆಂದಿದ್ದ ಮನುಷ್ಯ ಇವರೇನಾ ಅನ್ನಿಸುತ್ತಿತ್ತು. ಕೈ ಎಟುಕದ ಕಂಕುಳ ಹತ್ತಿರದ ತುದಿಯನ್ನು ತಿಕ್ಕುವುದೂ ಅವರದೇ ಕೆಲಸವಾಯಿತು.

ಏಪ್ರಿಲ್ ಬಂತು. ನಾಗಪುರದ ಬಿಸಿಲಿಗೆ ಶಾಲೆಗೆ ಹೋಗಿ ಬರುವಷ್ಟರಲ್ಲಿ ಬೆವರಿನಿಂದ ಹಾಳೆ ಜಾರಿ ಬೀಳುತ್ತಿತ್ತು. ಚರ್ಮದ ಮೇಲೆ ಗುಳ್ಳೆ ಎದ್ದವು. ಎಡಗಡೆಯ ತುದಿಯಂತೂ ಊದಿ, ಕಡಿತ ತಡೆಯಲಾಗದೆ ನೀಲಕ್ಕ ಕೂಲರ್ ಮುಂದೆ ಕೂತು ಬೀಸಣಿಗೆಯನ್ನೂ ಬೀಸಿಕೊಳ್ಳುತ್ತಿದ್ದರು.

"ನಾನಽ ಎಲ್ಲೋ ತಪ್ಪ ಮಾಡೀನಿ" ಎಂದು ಡಾಕ್ಟರ ಮುಂದೆ ಕಣ್ಣೀರು ಹಾಕಿದರು.

ತಪ್ಪು ಯಾರದೂ ಅಲ್ಲ, ಕೆಲವರ ಚರ್ಮಕ್ಕೆ ಗಾಯ ಮುಚ್ಚುವ ಉತ್ಸಾಹ ಹೆಚ್ಚು, ಬೇಕಾದ್ದಕ್ಕಿಂತ ಜಾಸ್ತಿ ಕಟ್ಟಿಬಿಡುತ್ತದೆ ಎಂದರು ಡಾಕ್ಟರು. ಗುಳ್ಳೆ ಆರುವವರೆಗೆ ಹಾಳೆ ನಿಲ್ಲಿಸಿ, ಆಮೇಲೆ ಹಗಲಿಗೆ ಸಿಲಿಕಾನ್ ಜೆಲ್ ಹಚ್ಚಲು ಹೇಳಿದರು. ಊದಿದ ಜಾಗಕ್ಕೆ ಆಗಾಗ ಇಂಜೆಕ್ಷನ್ ಕೊಟ್ಟರು. ಗಟ್ಟಿ ಗಾಯದೊಳಗೆ ಸೂಜಿ ಇಳಿಯುವಾಗ ನೀಲಕ್ಕ ನನ್ನ ಕೈಯನ್ನು ಹಿಂಡಿದ್ದು ನನಗೆ ಈಗಲೂ ನೆನಪಿದೆ. ಮೆಲ್ಲಗೆ ಊತ ತಗ್ಗಿತು. ಪೂರ್ತಿ ಹೋಗಲಿಲ್ಲ.

ಜುಲೈಯಲ್ಲಿ ಒಂದು ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ನೀಲಕ್ಕ. ಬೂಟಿನ ತುಂಬ ಕೆಸರು, ಮಳೆಗೆ ತೊಯ್ದ ಕೂದಲು, ಏದುಸಿರು. ಡಾಕ್ಟರು ಓಡಬಹುದು ಎಂದು ಹೇಳಿ ಬಹಳ ದಿನವಾಗಿದ್ದರೂ ಅವರೇ ಹಿಂಜರಿಯುತ್ತಿದ್ದರು. ಅಂದು ಮೈದಾನದಲ್ಲಿ ಮಕ್ಕಳ ಜೊತೆ ಒಂದು ಸುತ್ತು ಓಡಿಬಿಟ್ಟಿದ್ದರು.

"ವೇದಾ, ಓಡುವಾಗ ಗಾಳಿ ಎದಿಗೆ ಬಡೀತೈತಿ ನೋಡ, ಅದು ನಂಗ ಮರ್ತ ಹೋಗಿತ್ತ" ಎಂದು ಬಾಗಿಲಲ್ಲೇ ಕುಸಿದು ಕೂತು ನಕ್ಕರು, ಅತ್ತರು. ನಾನು ಟವೆಲ್ ತರುವುದನ್ನೂ ಮರೆತು ಅವರನ್ನೇ ನೋಡುತ್ತ ನಿಂತೆ.

ಮತ್ತೆ ಚಳಿಗಾಲ ಬಂದಾಗ ಡಾಕ್ಟರ್ ಗಾವಂಡೆ ಫೋನ್ ಮಾಡಿದರು. ಇದೇ ಆಪರೇಷನ್ ಬೇಕಾಗಿರುವ ಒಬ್ಬರು ಗಾಯದ ಕಲೆಯ ಹೆದರಿಕೆಯಿಂದ ಹಿಂದೆ ಸರಿಯುತ್ತಿದ್ದಾರೆ, ಅವರೂ ಕನ್ನಡದವರು, ಒಮ್ಮೆ ಬಂದು ಮಾತಾಡುತ್ತೀರಾ ಎಂದು ಕೇಳಿದರು. ನೀಲಕ್ಕ ಹೊರಟರು, ನಾನೂ ಹೋದೆ.

ಆಕೆ ದೇಚಮ್ಮ, ಕೊಡಗಿನವರು. ಗಂಡ ವಾಯುಸೇನೆಯಲ್ಲಿದ್ದಾರೆ.

"ನನ್ನ ಮೈ ಮೇಲೆ ಒಂದು ಗೀರೂ ಇಲ್ಲ" ಎಂದರು. "ನಿಜ ಹೇಳಿ ಅಕ್ಕಾ, ಗುರುತು ಹೋಗುತ್ತಾ?"

"ಹೋಗೂದಿಲ್ಲ" ಎಂದರು ನೀಲಕ್ಕ. "ನೋಡ್ತೀಯೇನ?"

ಪರದೆ ಎಳೆದುಕೊಂಡೆವು. ಹಿಂದೊಮ್ಮೆ ತಾವೇ ನೋಡಿಕೊಳ್ಳಲಾರದೆ ಕಣ್ಣು ಮುಚ್ಚಿದ್ದ ಹೆಂಗಸು ಒಬ್ಬ ಅಪರಿಚಿತಳ ಮುಂದೆ ನೆಟ್ಟಗೆ ನಿಂತು ರವಿಕೆಯ ಗುಂಡಿ ಬಿಚ್ಚಿದರು. ಎಡಗಡೆಯ ತುದಿಯಲ್ಲಿ ಹುಣಸೆ ಬೀಜದಷ್ಟು ಕಂದು ಉಬ್ಬು ಇನ್ನೂ ಇತ್ತು.

"ಇಲ್ಲಿ ನೋವಾಗುತ್ತಾ?"

"ನೋವಿಲ್ಲ. ಚಳಿಗೆ ಒಂದೀಟು ಕಡೀತೈತಿ. ಮುಟ್ಟಿ ನೋಡ."

ದೇಚಮ್ಮ ಮುಟ್ಟಿದರು. ಆಮೇಲೆ ಬಲಗಡೆಯ ಬಿಳಿ ಗೆರೆಯ ಮೇಲೆ ಬೆರಳಿಟ್ಟು ಉದ್ದಕ್ಕೂ ಮೆಲ್ಲಗೆ ಸರಿಸುತ್ತ ಹೋದರು. ಕಂಕುಳ ಹತ್ತಿರ ಬೆರಳು ನಿಂತಿತು. ಹಿಂದೆ ಬಂದು ಮತ್ತೆ ಹುಡುಕಿದರು.

"ಎಲ್ಲಿ ಮುಗೀತು ಇದು?"

ನೀಲಕ್ಕ ತಲೆ ಬಾಗಿಸಿ ತಾವೂ ನೋಡಿಕೊಂಡರು. "ನಂಗೂ ಗೊತ್ತಿಲ್ಲವಾ. ಹ್ವಾದ ತಿಂಗಳ ಇಲ್ಲಿತನಾ ಇತ್ತು."