ಮಾವನವರ ಫೋಟೋಕ್ಕೆ ಹಾರ ಬಿದ್ದದ್ದು

ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದಂತೆ. ನಾನು ಹೇಳದೆ ಇದ್ದದ್ದಕ್ಕೆ ಕಾರಣ ಬೇರೆ. ಹೆಸರು ಹಿಡಿದು ಕೂಗಿದರೂ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ನಮ್ಮ ಮನೆಯವರು ಇರುತ್ತಿರಲಿಲ್ಲ. ಕಾಳಿನ ಖೋಲಿಯ ಬಾಗಿಲು ಹಾಕಿಕೊಂಡು, ನನ್ನ ಕೆಂಪು ಖಣವನ್ನು ಕಂದೀಲಿಗೆ ಸುತ್ತಿ, ಆ ಮಬ್ಬಿನಲ್ಲಿ ಫೋಟೋ ತೊಳೆಯುತ್ತ ಕೂತಿರುತ್ತಿದ್ದರು. ಅದು ತವರಿನವರು ಕುಬಸಕ್ಕೆಂದು ಕೊಟ್ಟ ಖಣ. ಅದಕ್ಕಾಗಿ ನಾನು ನಮ್ಮ ಮನೆಯವರನ್ನು ಇನ್ನೂ ಕ್ಷಮಿಸಿಲ್ಲ.

ಎರಡನೆಯ ಮಹಾಯುದ್ಧಕ್ಕೆ ಇನ್ನೂ ಕೆಲವು ವರ್ಷ ಇದ್ದ ಕಾಲ ಅದು. ಮೂಡಲಗಿಯಲ್ಲಿ ನಮ್ಮದು ಬೆಲ್ಲದ ಅಡತಿ ಅಂಗಡಿ. ಬೆಲ್ಲ ತೂಗಬೇಕಾದ ಮನೆಮಗ ಕ್ಯಾಮೆರಾ ಹಿಡಿದಿದ್ದ. ಒಬ್ಬರೇ ಕೆಟ್ಟಿದ್ದರೆ ಸಹಿಸಬಹುದಿತ್ತು, ಜೊತೆಗೆ ಇನ್ನಿಬ್ಬರು ಸೇರಿ ಸಂಘ ಕಟ್ಟಿದ್ದರು. ಗೋಕಾಕದ ಚಿತ್ರಕಲಾ ಮಾಸ್ತರರೊಬ್ಬರು, ಹುಕ್ಕೇರಿಯಲ್ಲಿ ಗಡಿಯಾರ ರಿಪೇರಿ ಮಾಡುವವರೊಬ್ಬರು, ಮತ್ತು ಇವರು. ಮಾಸ್ತರರು ಮಳೆಗಾಲವಿಡೀ ಗೋಕಾಕ ಜಲಪಾತದ ಎದುರು ಕೊಡೆ ಹಿಡಿದು ನಿಂತು ಫೋಟೋ ತೆಗೆಯುವರು. ತೊಳೆದು ನೋಡಿದರೆ ಗೋಡೆಗೆ ಮಜ್ಜಿಗೆ ಚೆಲ್ಲಿದ ಹಾಗೆ ಇರುತ್ತಿತ್ತು. ಗಡಿಯಾರದವರು ಅಲುಗಾಡುವ ಯಾವುದನ್ನೂ ತೆಗೆಯುತ್ತಿರಲಿಲ್ಲ. ಧುಪದಾಳದ ಒಡ್ಡಿಗೆ ಹೋದರೂ ನೀರು ಬಿಟ್ಟು ಬರೀ ಕಲ್ಲು ತೆಗೆದುಕೊಂಡು ಬರುವ ಮನುಷ್ಯ.

ಸಂಘಕ್ಕೆ ಪತ್ರಿಕೆ ಇರಲಿಲ್ಲ, ಗೋಕಾಕದ ಮೋಟಾರಿನ ಕಂಡಕ್ಟರ್ ಇದ್ದ. ಯಾರಿಗೆ ಕ್ಯಾಮೆರಾದ ಹೊಸ ಗಾಜಿನ ಪ್ಲೇಟು ಬಂತು, ಬೆಳಗಾವಿಯಲ್ಲಿ ಎಲ್ಲಿ ಪ್ರದರ್ಶನ, ಪುಣೆಯಲ್ಲಿ ಯಾವ ಸ್ಪರ್ಧೆ, ಎಲ್ಲ ಅವನ ಬಾಯಲ್ಲೇ ಓಡಾಡುತ್ತಿತ್ತು. "ಮಾಸ್ತರು ಹೇಳ್ಯಾರ್ರಿ, ನಿಮ್ಮ ಹಿಂದಿನ ಫೋಟೋ ಛಲೋ ಬಂದಿಲ್ಲಂತ" ಎಂದು ಮೋಟಾರಿನಿಂದಲೇ ಕೂಗಿ ಹೇಳುವನು. ಸಂತೆಯೆಲ್ಲ ಕೇಳಿಸಿಕೊಳ್ಳುತ್ತಿತ್ತು. ನನಗೆ ಒಳಗೊಳಗೇ ಸಂತೋಷವಾಗುತ್ತಿತ್ತು.

ಒಂದು ಚಳಿಗಾಲ ಅವನೇ ದೊಡ್ಡ ಸುದ್ದಿ ತಂದ. ಬೆಳಗಾವಿಯ ಸ್ಟುಡಿಯೋ ಮಾಲಕರೊಬ್ಬರು ಹಳ್ಳಿಗಳ ಕಡೆಯ ಫೋಟೋ ಆರಿಸಲು ಬರುತ್ತಾರೆ, ಒಳ್ಳೆಯದಿದ್ದರೆ ತಮ್ಮ ಪ್ರದರ್ಶನದಲ್ಲಿ ಹಚ್ಚುತ್ತಾರೆ. ಮೂವರಿಗೂ ಹುಚ್ಚು ನೆತ್ತಿಗೇರಿತು. ನಮ್ಮ ಅಂಗಡಿಯ ಬಾಜೂ ಇದ್ದ ಹತ್ತಿಯ ಗೋದಾಮನ್ನು ಅದರ ಮಾಲಕರಿಂದ ಕೇಳಿ ಪಡೆದು, ಸಂತೆಯ ದಿನ ಮತ್ತು ಮರುದಿನ ಪ್ರದರ್ಶನ ಎಂದು ಡಂಗುರ ಹೊಡೆಸಿದರು.

ಇಲ್ಲಿ ನಮ್ಮ ಪದ್ಧತಿಯೊಂದನ್ನು ಹೇಳಬೇಕು. ಲಿಂಗಾಯತರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಗೋಡೆಗೆ ಒರಗಿಸಿ ಪದ್ಮಾಸನ ಹಾಕಿಸಿ ಕೂಡಿಸುತ್ತೇವೆ. ಹಣೆಗೆ ವಿಭೂತಿ, ಕೊರಳಿಗೆ ರುದ್ರಾಕ್ಷಿ, ಎಡಗೈಯಲ್ಲಿ ಇಷ್ಟಲಿಂಗ, ಮೇಲೆ ಹಾರ. ಅನುಕೂಲಸ್ಥರಿದ್ದರೆ ಆವಾಗ ಫೋಟೋದವನನ್ನು ಕರೆಸುತ್ತಾರೆ. ಬದುಕಿದ್ದಾಗ ತೆಗೆಸಿಕೊಳ್ಳಲು ಯಾರಿಗೂ ಪುರಸೊತ್ತಿರಲಿಲ್ಲ. ಹೀಗಾಗಿ ಊರಿನ ಯಾವ ಮನೆಯ ಗೋಡೆ ನೋಡಿದರೂ ಅಲ್ಲಿ ತೂಗುವವರೆಲ್ಲ ಹೋದವರೇ. ಗೋಡೆಗೆ ಏರಿದವನು ಊಟಕ್ಕೆ ಬರುವುದಿಲ್ಲ ಎಂದು ಮಕ್ಕಳಿಗೂ ಗೊತ್ತಿತ್ತು.

ನಮ್ಮವರಿಗೆ ಜೀವಂತ ಮನುಷ್ಯರ ಫೋಟೋ ತೆಗೆಯುವ ಆಸೆ, ಜೀವಂತ ಮನುಷ್ಯರು ಮಾತ್ರ ಕ್ಷಣಹೊತ್ತು ಸುಮ್ಮನೆ ಕೂಡುತ್ತಿರಲಿಲ್ಲ. ಅಲುಗದೆ ಕೂಡುವವರು ಮನೆಯಲ್ಲಿ ಒಬ್ಬರೇ, ನನ್ನ ಮಾವನವರು, ಅದೂ ಬೆಳಗಿನ ಲಿಂಗಪೂಜೆಯಲ್ಲಿ. ಕಣ್ಣು ಮುಚ್ಚಿ, ಎಡಗೈಯಲ್ಲಿ ಲಿಂಗ ಹಿಡಿದು, ಗೋಡೆಗೆ ಒರಗಿ ಕೂತರೆಂದರೆ ಮೈಮೇಲೆ ಬೆಕ್ಕು ಹಾಯ್ದರೂ ಏಳುವವರಲ್ಲ. ಕಿಟಕಿಯ ಬಿಸಿಲಲ್ಲಿ ಇವರು ತೆಗೆದ ಆ ಫೋಟೋ ನಿಜಕ್ಕೂ ಚೆನ್ನಾಗಿ ಬಂದಿತ್ತು. ಮುಖದ ಒಂದೊಂದು ಸುಕ್ಕೂ ಎಣಿಸುವ ಹಾಗಿತ್ತು. ಎಲ್ಲಕ್ಕಿಂತ ದೊಡ್ಡದು ಮಾಡಿಸಿ, ಗೋದಾಮಿನ ನಡುಗೋಡೆಗೆ ಹಚ್ಚಿದರು.

ಮಾವನವರಿಗೆ ಹುಕ್ಕೇರಿಯಲ್ಲಿ ಒಬ್ಬ ತಮ್ಮನಿದ್ದ. ನನ್ನ ತವರೂ ಹುಕ್ಕೇರಿಯೇ, ಆ ಸಣ್ಣ ಮಾವನ ಮನೆಯ ಓಣಿ. ನನ್ನನ್ನು ಈ ಮನೆಗೆ ತಂದವರೂ ಅವರೇ. ಆಮೇಲೆ ಅಣ್ಣತಮ್ಮಂದಿರು ಪಾಲಾದರು. ಹೊಲ, ಮನೆ, ಭಾಂಡೆ ಎಲ್ಲ ನಗುತ್ತ ಹಂಚಿಕೊಂಡವರು ಒಂದು ಜೋಡಿ ಎತ್ತಿನ ಹತ್ತಿರ ಬಂದು ನಿಂತರು. ನೀ ಬಿಡು ಅಂದರೆ ಇವನು ಬಿಡಲಿಲ್ಲ, ನೀನೇ ಬಿಡು ಅಂದರೆ ಅವನೂ ಬಿಡಲಿಲ್ಲ. ಕೊನೆಗೆ ಒಬ್ಬೊಬ್ಬರು ಒಂದೊಂದು ಎತ್ತು ಹೊಡೆದುಕೊಂಡು ಹೋದರು. ಒಂಟಿ ಎತ್ತಿನಿಂದ ಯಾವ ಹೊಲ ಹೂಡುತ್ತೀರಿ ಎಂದು ಕೇಳುವ ಬುದ್ಧಿವಂತರು ಪಂಚರಲ್ಲಿ ಇರಲಿಲ್ಲ. ಎರಡೂ ಎತ್ತು ಎರಡು ಊರಲ್ಲಿ ಮುದಿಯಾಗಿ ಸತ್ತವು, ಜಗಳ ಮಾತ್ರ ಗಟ್ಟಿಮುಟ್ಟಾಗಿ ಉಳಿಯಿತು. "ನೀ ಸತ್ತರ ಮಣ್ಣಿಗೂ ಬರಂಗಿಲ್ಲ" ಎಂದು ಸಣ್ಣ ಮಾವ ನಡುಬೀದಿಯಲ್ಲಿ ಆಣೆ ಹಾಕಿ ಹೋಗಿದ್ದರು.

ಅಂದಿನಿಂದ ಮಾತಿಲ್ಲ. ನಾನು ತವರಿಗೆ ಹೋಗಿ ಬಂದಾಗಲೆಲ್ಲ ಮಾವನವರು ಬೇರೆ ಕಡೆ ಮುಖ ಮಾಡಿ, "ಎಲ್ಲಾರೂ ಅರಾಮ ಅದಾರೇನವಾ?" ಎಂದು ಕೇಳುವರು. ಆ ಎಲ್ಲಾರೂ ಅಂದರೆ ಒಬ್ಬನೇ ಎಂದು ಅತ್ತೆಗೆ ಗೊತ್ತು, ನನಗೆ ಗೊತ್ತು. ಹಬ್ಬದ ದಿನ ಹೋಳಿಗೆ ಮುರಿದು ಕೈಯಲ್ಲೇ ಹಿಡಿದುಕೊಂಡು ಕೂತುಬಿಡುವರು. "ಇವರಿಬ್ಬರು ಮಾತಾಡೂದು ನೋಡೇ ನಾ ಸಾಯಬೇಕು" ಎಂದು ಅತ್ತೆ ಅನ್ನುತ್ತಿದ್ದರು. ಅದೊಂದೇ ಅವರ ಹರಕೆ.

ಪ್ರದರ್ಶನದ ದಿನ ಜನವೋ ಜನ. ಮಾಸ್ತರರ ಜಲಪಾತದ ಎದುರು ಯಾರೂ ನಿಲ್ಲಲಿಲ್ಲ, ಗಡಿಯಾರದವರ ಕಲ್ಲುಗಳ ಎದುರು ಒಂದು ನಾಯಿ ನಿಂತಿತ್ತು. ಮಮದಾಪುರದಿಂದ ಬಂದ ಕುರುಬನೊಬ್ಬ ನಮ್ಮವರು ತೆಗೆದ ತನ್ನ ಹಿಂಡಿನ ಫೋಟೋ ನೋಡಿ ಗಾಬರಿಯಾದ. "ನನ್ನ ಕುರಿ ಒಂದೂ ಸತ್ತಿಲ್ಲಲ್ರೀ! ಗ್ವಾಡಿಗೆ ಯಾಕ ಹಚ್ಚೀರಿ?" ಎಂದು ಇವರ ಅಂಗಿ ಹಿಡಿದುಕೊಂಡ. ಆವಾಗಲಾದರೂ ಮೂವರಿಗೆ ಬುದ್ಧಿ ಬರಬೇಕಿತ್ತು.

ಗೋದಾಮಿನ ಮಾಲಕರು ಶಿಷ್ಟಾಚಾರದ ಮನುಷ್ಯ. ಅಷ್ಟು ದೊಡ್ಡ ಫೋಟೋ, ಅದೂ ಹಿರಿಯರದ್ದು, ಹಾಗೆ ಬೋಳಾಗಿ ಇದ್ದರೆ ಹೇಗೆ? ಸಂತೆಯಿಂದ ಸೇವಂತಿಗೆಯ ದಪ್ಪ ಹಾರ ತಂದು ಹಾಕಿದರು. ಮುಂದೆ ಊದಿನಕಡ್ಡಿ ಹಚ್ಚಿದರು. ಮಾವನವರೋ, ಕಬ್ಬಿನ ಗಾಣ ನಡೆದಿತ್ತೆಂದು ಮೂರು ದಿನದಿಂದ ಹೊಲದಲ್ಲೇ ಇದ್ದರು. ಅಂಗಡಿಯಲ್ಲಿ ಮನುಷ್ಯ ಇಲ್ಲ, ಗೋಡೆಯ ಮೇಲೆ ಇದ್ದಾನೆ. ಊರಿಗೆ ಇನ್ನೇನು ಬೇಕು?

ಒಬ್ಬ ಕೈಮುಗಿದ. ಇನ್ನೊಬ್ಬ ಅಡ್ಡಬಿದ್ದ. ಮೂರನೆಯವನು ಕಣ್ಣೊರೆಸಿಕೊಂಡು, "ಹ್ವಾದ ಸಂತಿಗೆ ನನ್ನ ಕೂಡ ಛಾ ಕುಡದಿದ್ರು" ಎಂದ. ಸುಳ್ಳು, ಮಾವನವರು ಚಹಾ ಕುಡಿಯುತ್ತಲೇ ಇರಲಿಲ್ಲ. ಕ್ಯಾಮೆರಾದ ಮೂವರೂ ಹೊರಗೆ ಬೆಳಗಾವಿಯವರ ದಾರಿ ಕಾಯುತ್ತ ನಿಂತಿದ್ದರು, ಒಳಗೆ ಅತ್ತವರನ್ನು ನೋಡಿ ತಮ್ಮ ಕಲೆಗೆ ಮರುಗಿದರೆಂದು ತಿಳಿದರು. "ನೋಡ್ರಿ, ಜನರಿಗೆ ಹೆಂಗ ತಟ್ಟೇತಿ!" ಎಂದು ನಮ್ಮವರು ಮಾಸ್ತರರಿಗೆ ಹೇಳಿದರಂತೆ. ಊರಿಗೆ ಉಪಕಾರಿ, ಮನೆಗೆ ಮಾರಿ.

ಮಧ್ಯಾಹ್ನ ನಮ್ಮ ಓಣಿಯ ತುದಿಯಲ್ಲಿ ಹೆಂಗಸರ ಅಳು ಕೇಳಿಸಿತು. ಯಾರ ಮನೆಯದೋ ಎಂದು ನಾವೂ ಬಾಗಿಲಿಗೆ ಬಂದು ನಿಂತರೆ ನಮ್ಮ ಮನೆಗೇ ಬಂದರು. ಮುಂದಿದ್ದ ಮುದುಕಿ ಅತ್ತೆಯ ಕೈ ನೋಡಿ ಅಳು ನಿಲ್ಲಿಸಿದಳು. "ಎವ್ವಾ, ಇನ್ನೂ ಬಳಿ ಹಾಕ್ಕೊಂಡಾಳ!"

ಅತ್ತೆಯ ಮುಖ ಬಿಳುಪೇರಿತು. ಗಾಣದಲ್ಲಿ ಏನೋ ಆಗಿದೆ, ಕುದಿಯುವ ಕೊಪ್ಪರಿಗೆಗೆ ಬಿದ್ದಿದ್ದಾರೆ ಎಂದೇ ಅವರಿಗೆ ಅನಿಸಿತ್ತು. ಹೊಸ್ತಿಲ ಮೇಲೆ ಕುಸಿದು ಕೂತರು. ನಾನು ಆಳನ್ನು ಹೊಲಕ್ಕೆ ಓಡಿಸಿದೆ. ಹೊತ್ತು ಇಳಿಯುವ ಮೊದಲು ಮಾವನವರು ಮೊಣಕೈವರೆಗೆ ಬೆಲ್ಲ ಮೆತ್ತಿಕೊಂಡು, ಬೈಯುತ್ತ ಬಂದರು. ಅವರು ಬೈಯುವುದು ಕೇಳಿ ಅತ್ತೆ ಅಷ್ಟು ಸಂತೋಷಪಟ್ಟದ್ದು ನಾನು ಮತ್ತೆ ಕಂಡಿಲ್ಲ. ಕೂಡಲೇ ಎದ್ದು ಮುದುಕಿಯ ಕಡೆ ತಿರುಗಿ, "ನೋಡಿದೇನು? ಈಗ ನಿನ್ನ ಬಳಿ ಒಡ್ಕೋ ಹೋಗ" ಎಂದರು.

ಹಾರವೇನೋ ಇಳಿಯಿತು, ಆದರೆ ಸುದ್ದಿ ಅಷ್ಟರಲ್ಲಿ ಮೋಟಾರು ಹತ್ತಿ ಹೋಗಿತ್ತು. ಕಂಡಕ್ಟರ್ ಗೋಕಾಕದಲ್ಲಿ ಹೇಳಿದ, ಘಟಪ್ರಭಾದಲ್ಲಿ ಹೇಳಿದ, ಹುಕ್ಕೇರಿಗೆ ಹೋಗುವವರ ಕೈಗೆ ಮುತುವರ್ಜಿಯಿಂದ ಒಪ್ಪಿಸಿದ. ಹುಕ್ಕೇರಿಯಲ್ಲಿ ಅದನ್ನು ಸುಳ್ಳೆಂದು ಹೇಳಬಹುದಾಗಿದ್ದ ಗಡಿಯಾರದವರು ನಮ್ಮ ಮನೆಯಲ್ಲೇ ಕೂತು ರೊಟ್ಟಿ ಮುರಿಯುತ್ತಿದ್ದರು.

ಮರುದಿನ ಮುಂಜಾನೆ ಮಾವನವರು ಪಡಸಾಲೆಯಲ್ಲಿ ಜೋಳದ ರೊಟ್ಟಿ, ಝುಣಕ ತಿನ್ನುತ್ತ ಕೂತಿದ್ದರು. ಓಣಿಯಲ್ಲಿ ಗಂಡಸಿನ ಅಳು. "ಯಪ್ಪಾ... ನನ್ನಪ್ಪಾ..." ನಾನು ಹಣಿಕಿ ನೋಡಿದೆ. ಸಣ್ಣ ಮಾವ! ತಲೆಯ ರುಮಾಲು ಬಿಚ್ಚಿ ಹೆಗಲ ಮೇಲೆ ಬಿದ್ದಿದೆ, ಕಾಲಲ್ಲಿ ಕೆರ ಇಲ್ಲ, ಒಂದು ಕೈಯಲ್ಲಿ ಹೂವಿನ ಹಾರ, ಇನ್ನೊಂದರಲ್ಲಿ ವಿಭೂತಿಯ ಗಟ್ಟಿ. ಮಣ್ಣು ಮುಗಿದುಬಿಡುತ್ತದೇನೋ ಎಂಬ ಗಾಬರಿಯಲ್ಲಿ ರಾತ್ರಿಯೇ ಗೋಕಾಕದಲ್ಲಿ ಸಿಕ್ಕ ಚಕ್ಕಡಿ ಹತ್ತಿ, ಅದು ಸಾವಕಾಶ ಹೋಗುತ್ತದೆಂದು ನಡುದಾರಿಯಲ್ಲಿ ಇಳಿದು ನಡೆದು ಬಂದಿದ್ದರು.

ಹೊಸ್ತಿಲೊಳಗೆ ಒಂದು ಕಾಲಿಟ್ಟು ನಿಂತರು. ಮಾವನವರ ಬಾಯಲ್ಲಿ ತುತ್ತು ಹಾಗೇ ಉಳಿಯಿತು.

"ಸತ್ತಿಲ್ಲ?" ಎಂದರು ಸಣ್ಣ ಮಾವ.

"ಇಲ್ಲ."

"ಹುಕ್ಕೇರಿ ತುಂಬ ಸತ್ತಿ ಅಂತ ಆಗೇತಿ."

"ಮೂಡಲಗ್ಯಾಗ ನಿನ್ನೆ ಸಂಜಿಗೇ ಮುಗೀತು ಅದು. ನೀ ಯಾಕ ಬಂದಿ?"

"ಮಣ್ಣಿಗೆ ಬಂದೆ."

ಮಾವನವರು ತುತ್ತು ನುಂಗಿದರು. "ಮಣ್ಣಿಗೂ ಬರಂಗಿಲ್ಲ ಅಂದಿದ್ದಿ."

ಸಣ್ಣ ಮಾವ ಕೈಯಲ್ಲಿದ್ದ ಹಾರ ನೋಡಿಕೊಂಡರು. ಕಣ್ಣೀರು ಇನ್ನೂ ಗಡ್ಡದ ಮೇಲೆ ಇಳಿಯುತ್ತಿತ್ತು, ಮುಖಕ್ಕೆ ಸಿಟ್ಟು ಬಂದಿತ್ತು. "ಅಂದಿದ್ದೆ. ತಡಕೊಳ್ಳಾಕ ಆಗಲಿಲ್ಲ, ಬಂದೆ. ಏನ್ ಮಾಡ್ತಿ? ಬದಕೀದಿ ಅಲ್ಲಾ? ಹೋಕ್ಕೀನಿ" ಎಂದು ಹಾರವನ್ನು ಕಟ್ಟೆಯ ಮೇಲೆ ಬಿಸಾಕಿ ತಿರುಗಿದರು.

ಅತ್ತೆ ಒಲೆ ಬಿಟ್ಟು ಓಡಿಬಂದು ಅಡ್ಡ ನಿಂತರು. "ಹಂಗ ಹೆಂಗ ಹೋಗ್ತೀರಿ? ಸತ್ತ ಮನಿಗಂತ ಹೊಂಟು ಬಂದೀರಿ. ಜಳಕಾ ಮಾಡದ ಹೊಳ್ಳಿ ಹೋಗಬಾರದು."

"ಯಾರೂ ಸತ್ತಿಲ್ಲಲ್ಲ ವೈನಿ?"

"ಹೊಂಟಿದ್ದು ಮಣ್ಣಿಗೆ ಹೌದಿಲ್ಲೋ? ಹೊಂಟ ಮ್ಯಾಲ ಮುಗೀತು. ನೀರು ಕಾದಾವ, ನಡೀರಿ."

ನಮ್ಮ ಶರಣರು ಸೂತಕವೇ ಇಲ್ಲ ಎಂದು ಸಾರಿ ಹೋದರು. ನಾವೂ ಒಪ್ಪಿಕೊಂಡಿದ್ದೇವೆ. ಸೂತಕ ಇಲ್ಲ, ಸ್ನಾನ ಮಾತ್ರ ಇದೆ. ಆದರೆ ಸಾಯದವನ ಸಾವಿಗೆ ಸ್ನಾನ ಎಂಬ ಶಾಸ್ತ್ರವನ್ನು ನಮ್ಮತ್ತೆ ಅಲ್ಲೇ ನಿಂತು ಹುಟ್ಟಿಸಿದರು. ಸಣ್ಣ ಮಾವ ತಲೆ ತಗ್ಗಿಸಿ ಬಚ್ಚಲಿಗೆ ನಡೆದರು.

ನೀರು ಹಾಕಿಕೊಡಲು ನಾನು ತಂಬಿಗೆ ಎತ್ತಿಕೊಂಡೆ. ಮಾವನವರು ಊಟದ ನಡುವೆ ಎದ್ದರು. ಮನೆಗೆ ಬೆಂಕಿ ಬಿದ್ದರೂ ಎಡೆಯಿಂದ ಏಳದ ಮನುಷ್ಯ. ಕೈ ತೊಳೆದುಕೊಂಡು, "ತಾ ಇಲ್ಲೆ" ಎಂದು ತಂಬಿಗೆ ಕಸಿದುಕೊಂಡು ಹೋದರು.

ಇತ್ತ ಗೋದಾಮಿಗೆ ಬೆಳಗಾವಿಯವರು ಬಂದು, ಮಾವನವರ ಫೋಟೋದ ಎದುರು ಇನ್ನೂ ಅಡ್ಡಬೀಳುತ್ತಿದ್ದ ಸುತ್ತಲ ಹಳ್ಳಿಯವರನ್ನು ದಾಟಿ, ಕುರುಬನ ಕುರಿಗಳ ಫೋಟೋ ಒಂದನ್ನೇ ಆರಿಸಿಕೊಂಡು ಹೋದರಂತೆ. ನಮ್ಮವರು ಅದನ್ನು ಹೇಳಲು ಓಡಿಬಂದರು. ಅತ್ತೆಯೂ ನಾನೂ ಇಬ್ಬರೂ ಅವರ ಬಾಯಿಗೆ ಕೈ ಅಡ್ಡ ಹಿಡಿದೆವು. ನಾವು ಬಚ್ಚಲ ಕಡೆ ಕಿವಿಗೊಟ್ಟು ನಿಂತಿದ್ದೆವು.

ಬಹಳ ಹೊತ್ತು ಬರೀ ನೀರಿನ ಸಪ್ಪಳ. ಆಮೇಲೆ ಮಾವನವರು ಒದ್ದೆ ಧೋತರದಲ್ಲಿ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತರು. ಮುಖ ಹುಳ್ಳಗಾಗಿತ್ತು.

"ಬಿಸಿ ರೊಟ್ಟಿ ಬಡೀರಿ" ಎಂದರು ನಮ್ಮಿಬ್ಬರಿಗೂ. "ಬೆಣ್ಣಿ ಹಚ್ಚರಿ, ಭಾಳ ಹಚ್ಚರಿ. ಬೆನ್ನು ತಿಕ್ಕಿದೆ. ಎಲುಬು ಕೈಗೆ ಹತ್ತತಾವ. ಅಂವಗ ಯಾರೂ ಹೊಟ್ಟಿಗೆ ಹಾಕೇ ಇಲ್ಲ." ಹೇಳುತ್ತ ಹೇಳುತ್ತ ಅವರಿಗೆ ಅಳು ಬಂತು. ನಮ್ಮೆಲ್ಲರ ಎದುರು, ಸೊಸೆಯ ಎದುರು, ತಂಬಿಗೆ ಹಿಡಿದುಕೊಂಡು ಅತ್ತರು. ಅಲ್ಲಿವರೆಗೆ ತಡೆದುಕೊಂಡಿದ್ದ ನನಗೂ ತಡೆಯಲಾಗಲಿಲ್ಲ.

ಬಚ್ಚಲಿನಿಂದ ಸಣ್ಣ ಮಾವ ಒದರಿದರು.

"ಅಣ್ಣಾ! ನೀರು ಸಾಕು ಅಂದ್ನೇನು ನಾ? ಕಣ್ಣಾಗ ಸೀಗಿಕಾಯಿ ಹೋಗೇತಿ, ಲಗೂನ ಬಾ!"

"ಬಂದೆ, ಬಂದೆ" ಎಂದು ಮಾವನವರು ಕಳಚುತ್ತಿದ್ದ ಧೋತರವನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಓಡಿದರು.