ಒಲೆ ಉರಿಯುತ್ತಿತ್ತು

ನಮ್ಮ ಮನೆಯಲ್ಲಿ ಈಗ ಬಾಣಂತಿ ಇದ್ದಾಳೆ, ಮೊಮ್ಮಗಳು. ಮೂರು ದಿನದಿಂದ ದಾವಣಗೆರೆಯಲ್ಲಿ ಜಿಟಿಜಿಟಿ ಮಳೆ ಹಿಡಿದು ಕೂಸಿನ ಬಟ್ಟೆ ಒಂದೂ ಒಣಗುತ್ತಿಲ್ಲ. ನನ್ನ ಹೆಂಡತಿ ಅಟ್ಟದಿಂದ ಹಳೆಯ ಅಗ್ಗಿಷ್ಟಿಗೆಯೊಂದನ್ನು ಇಳಿಸಿ, ಕೆಂಡ ತುಂಬಿ, ಮೇಲೆ ಬಿದಿರಿನ ಬುಟ್ಟಿ ಕವುಚಿ, ಅದರ ಮೇಲೆ ಬಟ್ಟೆ ಹರವಿದ್ದಾಳೆ. ಬಾಣಂತಿ ಕೋಣೆಗೆ ಹೊಗೆ ಕೂಡದೆಂದು ಡಾಕ್ಟರು ಹೇಳಿರುವುದರಿಂದ ಈ ಕಾರುಬಾರೆಲ್ಲ ಪಡಸಾಲೆಯಲ್ಲಿ, ನನ್ನ ಕುರ್ಚಿಯ ಪಕ್ಕದಲ್ಲೇ. ಒದ್ದೆ ಬಟ್ಟೆಗೆ ಕೆಂಡದ ಕಾವು ತಾಗಿದಾಗ ಒಂದು ವಾಸನೆ ಏಳುತ್ತದಲ್ಲ, ನಿಮಗೂ ಗೊತ್ತಿರಬೇಕು. ಅದು ಮೂಗಿಗೆ ಬಡಿದದ್ದೇ ತಡ, ನಾನು ಪೇಪರು ಮಡಿಸಿಟ್ಟು ಎದ್ದೆ. ಬಾಗಿಲ ತನಕ ಹೋದೆ, ಬಂದೆ, ಕೂತೆ, ಮತ್ತೆ ಎದ್ದೆ.

"ಒಂದು ಗಳಿಗಿ ಕುಂತಲ್ಲಿ ಕೂಡ್ರಾಕ ಆಗಲ್ಲೇನ್ರಿ ನಿಮಗೆ?" ಎಂದಳು ಹೆಂಡತಿ.

ಆಗುವುದಿಲ್ಲ. ಇದು ಇವತ್ತಿನ ರೋಗವಲ್ಲ. ಮಂಡಿಪೇಟೆಯಲ್ಲಿ ನಮ್ಮಪ್ಪನಿಗೆ ಕಾಳುಕಡಿಯ ಅಂಗಡಿ ಇತ್ತು. ಗಾದಿಯ ಮೇಲೆ ಚಕ್ಕಳಮಕ್ಕಳ ಹಾಕಿ ಬೆಳಗಿನಿಂದ ಸಂಜೆ ತನಕ ಕೂರುವುದೇ ವ್ಯಾಪಾರದ ಮೊದಲ ಪಾಠ. ನಾನು ಆ ಮೊದಲ ಪಾಠದಲ್ಲೇ ನಪಾಸಾದವನು. ಅಪ್ಪ ಗಿರಾಕಿಗಳ ಎದುರೇ, "ಇವನು ಕಾಲಿಗೆ ಚಕ್ರ ಕಟ್ಕಂಡು ಹುಟ್ಟ್ಯಾನ, ಇವನಿಗೆ ಗಾದಿ ಅಲ್ಲ, ಗಾಡಿ ಕೊಡ್ಸಬೇಕು" ಎಂದು ನಗುತ್ತಿದ್ದರು. ಆ ನಗು ತಪ್ಪಿಸಿಕೊಳ್ಳಲೆಂದೇ ನಾನು ಸರ್ಕಾರಿ ನೌಕರಿ ಹಿಡಿದದ್ದು. ಅದೂ ಎಂಥದು! ಊರೂರು ತಿರುಗುವ ಕೆಲಸ.

ಅರವತ್ತರ ದಶಕದ ಮಾತಿದು. ಎಲ್ಲದಕ್ಕೂ ಅಭಾವ. ಸಕ್ಕರೆಗೆ ಅಭಾವ, ಸೀಮೆಎಣ್ಣೆಗೆ ಅಭಾವ, ಮಳೆಗಾಲ ಬಂತೆಂದರೆ ಒಣ ಸೌದೆಗೂ ಅಭಾವ. ಮದುವೆ, ಬಾಣಂತನ ಇದ್ದ ಮನೆಯವರು ಅರ್ಜಿ ಹಾಕಿದರೆ ಹೆಚ್ಚಿನ ಸೀಮೆಎಣ್ಣೆಗೂ ಡಿಪೋದ ಸೌದೆಗೂ ಪರ್ಮಿಟ್ ಕೊಡುತ್ತಿದ್ದರು. ಕೊಡುವ ಮೊದಲು ಅವರಿಗೆ ನಿಜಕ್ಕೂ ಕೊರತೆ ಇದೆಯೇ ಎಂದು ಮನೆಗೆ ಹೋಗಿ ನೋಡಿ ಬರಬೇಕು. ಆ ನೋಡಿ ಬರುವವನು ನಾನು. ಹರಿಹರದಲ್ಲಿ ಕಚೇರಿ. ಯಾವ ಕಚೇರಿ ಎಂದು ಕೇಳಬೇಡಿ, ತಪ್ಪು ಕಚೇರಿಯದಲ್ಲ. ದಿನಾ ಬೆಳಿಗ್ಗೆ ದಾವಣಗೆರೆಯಿಂದ ರೈಲಿನಲ್ಲಿ ಹೋಗಿ, ಸಂಜೆ ರೈಲಿನಲ್ಲಿ ಬರುವುದು. ರೈಲಿನಲ್ಲೂ ನಾನು ಬಾಗಿಲಲ್ಲೇ ನಿಂತಿರುತ್ತಿದ್ದೆ.

ಕೆಲಸಕ್ಕೆ ಸೇರಿದ ದಿನ ಹೆಡ್ ಗುಮಾಸ್ತ ಬಸವಂತಪ್ಪನವರು ಅಚ್ಚಾದ ಫಾರಂ ಕಟ್ಟೊಂದನ್ನು ನನ್ನ ಮುಂದೆ ಇಟ್ಟು, "ನೋಡಪ್ಪಾ, ಕಣ್ಣಿಗೆ ಕಂಡದ್ದು ಬರಿ. ಕನಿಕರ ಬರೀಬ್ಯಾಡ" ಎಂದಿದ್ದರು. ಫಾರಮ್ಮಿನಲ್ಲಿ ಕನಿಕರಕ್ಕೆ ಜಾಗವೂ ಇರಲಿಲ್ಲ. ಮನೆಯಲ್ಲಿ ಎಷ್ಟು ಜನ, ಎಷ್ಟು ಒಲೆ, ಎಣ್ಣೆ ಎಷ್ಟಿದೆ, ತನಿಖೆಯ ವೇಳೆ ಒಲೆ ಉರಿಯುತ್ತಿತ್ತೇ, ಹೌದು ಅಥವಾ ಇಲ್ಲ. ಇಷ್ಟೇ.

ಆ ಮಳೆಗಾಲದಲ್ಲಿ ಹೊಳೆದಂಡೆ ಕಡೆಯ ಒಂದು ಓಣಿಯಿಂದ ಮಾಬೂಬಿ ಎಂಬುವರ ಅರ್ಜಿ ಬಂತು. ಗಂಡ ತೀರಿಕೊಂಡಿದ್ದ, ಹೊಲಿಗೆ ಮಾಡಿ ಬದುಕುವ ಹೆಂಗಸು. ಮಗಳು ಜುಲೇಖಾ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದವಳು ದಿನ ತುಂಬುವ ಮೊದಲೇ ಹಡೆದಿದ್ದಳು. ಎಂಟು ತಿಂಗಳಿಗೇ ಹುಟ್ಟಿದ ಕೂಸು. ಅದನ್ನು ಹಗಲೂ ರಾತ್ರಿ ಬೆಚ್ಚಗಿಡದಿದ್ದರೆ ಉಳಿಯುವುದಿಲ್ಲ ಎಂದು ಸೂಲಗಿತ್ತಿ ಹೇಳಿಹೋಗಿದ್ದಳು. ಹಸಿ ಕಟ್ಟಿಗೆ ಹತ್ತಿಕೊಳ್ಳಲು ಸೀಮೆಎಣ್ಣೆ ಬೇಕು, ಕೆಂಡವಾಗಲು ಒಣ ಸೌದೆ ಬೇಕು. ಇದಿಷ್ಟು ಅರ್ಜಿಯ ಸಾರ.

ನಾನು ಹೋದ ದಿನ ಸುರಿದ ಮಳೆಯಲ್ಲಿ ಕೊಡೆ ಇದ್ದೂ ಇಲ್ಲದಂತಾಗಿತ್ತು. ಧೋತರ ಮೊಣಕಾಲಿಗೆ ಅಂಟಿ, ಹಲ್ಲು ಕಟಕಟ ಎನ್ನುತ್ತಿತ್ತು. ಬಾಗಿಲು ತೆರೆದ ಮಾಬೂಬಿ ನನ್ನನ್ನು ನೋಡಿ, "ಯಾ ಅಲ್ಲಾ, ಏನ್ರಿ ಸಾಹೇಬ್ರ ಇದು, ಹಿಂಗ ತೋಯ್ಸಿಕಂಡೀರಿ! ಒಳಗ ಬರ್ರಿ, ಕೂಡ್ರಿ" ಎಂದರು. ಇಪ್ಪತ್ತೆರಡು ವರ್ಷದ ನನಗೆ ಯಾರಾದರೂ ಸಾಹೇಬ್ರು ಎಂದರೆ ಎದೆ ಒಂದಂಗುಲ ಉಬ್ಬುತ್ತಿದ್ದ ಕಾಲ. ಕೂತೆ.

ಆಕೆ ಒಳಕೋಣೆಗೆ ಹೋಗಿ, ಎರಡೂ ಕೈಯಲ್ಲಿ ಒಂದು ಕೆಂಡದ ಅಗ್ಗಿಷ್ಟಿಗೆ ಎತ್ತಿ ತಂದು ನನ್ನ ಕಾಲ ಬಳಿ ಇಟ್ಟರು. ಆಮೇಲೆ ಹಿತ್ತಿಲ ಬಾಗಿಲಿಂದ ಹೊರಗೆ ಹೋದವರು ಸೆರಗಿನಡಿ ಏನೋ ಮುಚ್ಚಿಕೊಂಡು ಬಂದರು. ಸ್ವಲ್ಪ ಹೊತ್ತಿಗೆ ಒಲೆ ಭಗ್ಗೆಂದಿತು. "ಬ್ಯಾಡ್ರಿ, ಯಾಕ ಸುಮ್ನೆ" ಎಂದು ನಾನು ಬಾಯುಪಚಾರಕ್ಕೆ ಅಂದೆ. "ಮನೀಗೆ ಬಂದೋರು ಬರೇ ಗಂಟ್ಲಾಗ ಹೋಗಬಾರದ್ರಿ" ಎಂದರು. ಚಹಾ ಬಂತು. ಶುಂಠಿ ಜಜ್ಜಿ ಹಾಕಿದ, ಕೈತುಂಬ ಸಕ್ಕರೆಯ ಚಹಾ. ಹೊರಗೆ ಮಳೆ, ಒಳಗೆ ಕಾಲಿಗೆ ಹಿತವಾದ ಕಾವು, ಧೋತರದಿಂದ ಹಬೆ. ನೀವು ನಂಬುತ್ತೀರೋ ಇಲ್ಲವೋ, ಎಲ್ಲೂ ಕೂರದ ನಾನು ಅಲ್ಲಿ ಮಳೆ ನಿಲ್ಲುವ ತನಕ, ಗಂಟೆಗೂ ಮೇಲೆ ಕೂತಿದ್ದೆ. ಒಳಗೆ ಕೂಸು ಸಣ್ಣಗೆ ಅಳುತ್ತಿತ್ತು. ಕೂಸು ಅಳದೆ ಇನ್ನೇನು ಮಾಡುತ್ತದೆ ಎಂದುಕೊಂಡೆ.

ಮೈ ಬೆಚ್ಚಗಾದ ಮೇಲೆ ಕರ್ತವ್ಯ ನೆನಪಾಯಿತು. ಫಾರಂ ತೆಗೆದೆ. ಒಲೆಯ ಪಕ್ಕ ಬಾಟಲಿಯಲ್ಲಿ ಎಣ್ಣೆ ಕಂಡಿತು, ಬರೆದೆ. ಅಗ್ಗಿಷ್ಟಿಗೆಯಲ್ಲಿ ಕೆಂಡ ಕಂಡಿತು, ಬರೆದೆ. ಒಲೆ ಉರಿಯುತ್ತಿತ್ತೇ ಎಂಬಲ್ಲಿ 'ಹೌದು' ಎಂದು ಬರೆದು, ನನ್ನ ಅಕ್ಷರ ಎಷ್ಟು ದುಂಡಗಿದೆ ಎಂದು ಒಮ್ಮೆ ನೋಡಿಕೊಂಡು ಎದ್ದುಬಂದೆ.

ಅರ್ಜಿ ತಿರಸ್ಕೃತವಾಯಿತು. ನಾಲ್ಕನೇ ದಿನ ಕಚೇರಿಗೆ ಒಬ್ಬ ಹೆಂಗಸು ನುಗ್ಗಿ ಬಂದಳು. ಹಣೆಯ ಮೇಲೆ ಅಗಲ ವಿಭೂತಿ, ಮೊಣಕೈ ತನಕ ಬಳೆ. ಮಾಬೂಬಿಯ ಪಕ್ಕದ ಮನೆಯ ನೀಲಮ್ಮ.

"ಯಾವನಪ್ಪಾ ಆ ಮನೀಗೆ ಬಂದೋನು? ನೀನಾ? ಆ ಬಾಟ್ಲಿ ಯಾರ ಮನೀದು ಗೊತ್ತೇನು? ನಮ್ಮ ಮನೀದು! ಸಕ್ರಿ ನಮ್ಮ ಮನೀದು! ಆಕೀ ಮನಿಯಾಗ ಚಾ ಕಾಸಾಕ ಒಂದು ಹನಿ ಎಣ್ಣಿ ಇದ್ದಿಲ್ಲ, ಅದಕ್ಕ ನಂತಾವ ಓಡಿ ಬಂದಿದ್ಲು. ಕುಡದು ಬಾಯಿ ಒರಸಿಗ್ಯಂಡು ಹೋಗಿ ಏನ್ ಬರದಿ? ಒಲಿ ಉರೀತಿತ್ತು ಅಂತ! ನೀ ಬಂದಿದ್ದಕ್ಕ ಉರೀತಿತ್ತಪ್ಪಾ ಅದು!"

ಈ ಕಥೆಯನ್ನು ನಾನು ಎಷ್ಟು ಮದುವೆ ಮನೆಗಳಲ್ಲಿ, ಎಷ್ಟು ನೆಂಟರ ಮುಂದೆ ಹೇಳಿದ್ದೇನೋ ಲೆಕ್ಕವಿಲ್ಲ. ನೀಲಮ್ಮನ ದನಿ ತೆಗೆದು ಇಲ್ಲದ ಕೈಬಳೆ ಝಾಡಿಸಿ ಹೇಳುತ್ತೇನೆ. "ನೀ ಬಂದಿದ್ದಕ್ಕ ಉರೀತಿತ್ತಪ್ಪಾ" ಎಂಬಲ್ಲಿಗೆ ಬರುವ ಹೊತ್ತಿಗೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಸರ್ಕಾರದ ಬುದ್ಧಿಗೆ ನಗುತ್ತಾರೆ, ನನ್ನ ಪೆದ್ದುತನಕ್ಕೆ ನಗುತ್ತಾರೆ. ಅಲ್ಲಿಗೆ ನಿಲ್ಲಿಸಿ ನಾನು ಎಲೆ ಅಡಿಕೆ ಕೇಳುತ್ತೇನೆ. ಅದರ ಮುಂದಿನದನ್ನು ಇವತ್ತಿನ ತನಕ ಯಾರಿಗೂ ಹೇಳಿರಲಿಲ್ಲ.

ಮುಂದಿನದು ಇದು. ನೀಲಮ್ಮ ಹೋದ ಮೇಲೆ ನಾನು ಬಸವಂತಪ್ಪನವರ ಬಳಿ ಹೋಗಿ, ನನ್ನ ವರದಿ ತಪ್ಪೆಂದು ಬರೆದುಕೊಡಲೇ ಎಂದು ಕೇಳಿದೆ.

"ಬರಕೊಡು. ಯಾರು ಬ್ಯಾಡಂತಾರ?" ಎಂದರು ಅವರು. "ಆದ್ರ ನಿಂದಿನ್ನೂ ಕಾಯಂ ಆಗಿಲ್ಲ. ಬರದಿದ್ದು ಸುಳ್ಳು ಅಂತ ನೀನಾ ಒಪ್ಕಂಡ್ರ, ಮ್ಯಾಲಿನೋರು ಹೆಂಗ ತಗಂತಾರ ನಾನರಿಯೆ. ಆಕೀ ಇನ್ನೊಂದು ಅರ್ಜಿ ಹಾಕ್ಲಿ, ಮುಂದಿನ ತಿಂಗಳು ನೋಡಾಣ."

"ಕೂಸು ಮುಂದಿನ ತಿಂಗಳ ತನಕ..."

"ಅದನ್ನ ನೀನು ಬರೀಲಿಲ್ಲಲ್ಲಪ್ಪಾ."

ನನಗೆ ನೌಕರಿ ಹೋದರೆ ಉಪವಾಸ ಬೀಳುವ ಭಯ ಇರಲಿಲ್ಲ. ಮಂಡಿಪೇಟೆಯ ಗಾದಿ ಇತ್ತು. ನನಗಿದ್ದ ಭಯ ಅದೇ. ಆ ಗಾದಿಗೆ ವಾಪಸು ಹೋಗಿ ಕೂರಬೇಕು, ಅಪ್ಪ ಗಿರಾಕಿಗಳ ಎದುರು ನಗಬೇಕು, ನಾನು ಕೇಳಬೇಕು. ಈ ಇಷ್ಟು ಸಣ್ಣ ಭಯಕ್ಕೆ ನಾನು ಒಂದಲ್ಲ ಎರಡಲ್ಲ, ಎಂಟು ದಿನ ತಳ್ಳಿದೆ. ಬೆಳಿಗ್ಗೆ ರೈಲಿನಲ್ಲಿ ಇವತ್ತು ಬರೆಯುತ್ತೇನೆ ಎಂದುಕೊಳ್ಳುವುದು, ಸಂಜೆ ರೈಲಿನಲ್ಲಿ ನಾಳೆ ಬರೆಯುತ್ತೇನೆ ಎಂದುಕೊಳ್ಳುವುದು. ಉಂಡ ಅನ್ನ ಮೈಗೆ ಹತ್ತುತ್ತಿರಲಿಲ್ಲ. ಅವ್ವ ದೃಷ್ಟಿ ತೆಗೆದಳು. ಆ ಎಂಟು ದಿನದಲ್ಲಿ ಒಂದು ದಿನವಾದರೂ ಮಳೆ ಬಿಟ್ಟಿದ್ದರೆ ನನ್ನ ಮನಸ್ಸಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಬಿಡಲಿಲ್ಲ.

ಎಂಟನೇ ದಿನ ಶುಕ್ರವಾರ. ಕಚೇರಿಯಲ್ಲಿ ಕೂರಲಾಗದೆ ನನ್ನ ಕಾಲು ತಾನಾಗಿ ಆ ಓಣಿಗೆ ಹೋಯಿತು. ಮೂಲೆಯಲ್ಲಿ ನಿಂತು ನೋಡಿದೆ. ಒಂದು ಮನೆಯಿಂದ ಹುಡುಗಿಯೊಬ್ಬಳು ಹೆಂಚಿನ ಚೂರಿನ ಮೇಲೆ ಕೆಂಡ ಇಟ್ಟುಕೊಂಡು, ಮೇಲೆ ಮೊರ ಹಿಡಿದು ಮಾಬೂಬಿಯ ಮನೆಗೆ ಓಡಿದಳು. ಸ್ವಲ್ಪ ಹೊತ್ತಿಗೆ ಇನ್ನೊಂದು ಮನೆಯಿಂದ ಇನ್ನೊಬ್ಬಾಕೆ. ಓಣಿಯ ಒಲೆಗಳೆಲ್ಲ ಸರದಿಯ ಮೇಲೆ ಆ ಕೂಸಿಗೆ ಕಾವು ಕೊಡುತ್ತಿದ್ದವು. ಆಮೇಲೆ ನೀಲಮ್ಮ ಬಂದಳು, ಅವಳ ಕೈಯಲ್ಲೂ ಕೆಂಡ. ಮಂಗಳವಾರ ಶುಕ್ರವಾರ ಮನೆಯ ಬೆಂಕಿ ಹೊರಗೆ ಕೊಡಬಾರದೆಂಬುದು ನಮ್ಮವರಲ್ಲಿ ಕಟ್ಟುನಿಟ್ಟು. ನಮ್ಮವ್ವ ಬೀಡಿ ಹಚ್ಚಲು ಬಂದವರಿಗೂ ಆ ದಿನ ಕಿಡಿ ಕೊಟ್ಟವಳಲ್ಲ. ನಾನು ನೋಡುತ್ತಿರುವುದು ನೀಲಮ್ಮನ ಕಣ್ಣಿಗೆ ಬಿತ್ತು.

"ಏನ್ ನೋಡ್ತಿ? ಇವತ್ತು ಕೊಟ್ರ ಮನೀ ಲಕ್ಷ್ಮಿ ಹೋಗ್ತಾಳಂತ. ಹೋಗ್ಲಿ ಬಿಡು, ಮತ್ತ ಕರಕಂಡು ಬಂದ್ರಾತು. ಕೂಸು ಹೋದ್ರ ಎಲ್ಲಿಂದ ತರ್ತಿ?"

ಮಾರನೆಯ ದಿನ ಬೆಳಿಗ್ಗೆ ಕಚೇರಿ ಬಾಗಿಲು ತೆಗೆಯುವ ಮೊದಲೇ ನಾನು ಮೆಟ್ಟಿಲ ಮೇಲೆ ಕೂತು ಬರೆದಿದ್ದೆ. ಉರಿಯುತ್ತಿದ್ದ ಒಲೆ ನನ್ನ ಚಹಾಕ್ಕಾಗಿ ಹಚ್ಚಿದ್ದು, ಎಣ್ಣೆ ಪಕ್ಕದ ಮನೆಯದು, ನನ್ನ ವರದಿ ತಪ್ಪು. ಬಸವಂತಪ್ಪನವರು ಓದಿ, ಕನ್ನಡಕ ತೆಗೆದು ಒರೆಸಿ, ತಾವೇ ಒಳಗೆ ತೆಗೆದುಕೊಂಡು ಹೋದರು. ಕಚೇರಿಯ ಸಾಹೇಬರು ನನ್ನನ್ನು ಕರೆಸಿ ಕೇಳಿದ್ದು ಒಂದೇ ಪ್ರಶ್ನೆ: "ಚಾ ಚೆನ್ನಾಗಿತ್ತೇನಯ್ಯಾ?" ಅಷ್ಟೇ. ರುಜು ಹಾಕಿದರು. ನನ್ನ ನೌಕರಿಗೆ ಏನೂ ಆಗಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಹಾಗಾಯಿತು ನನ್ನ ಸ್ಥಿತಿ. ಎಂಟು ದಿನ ಯಾವುದಕ್ಕೆ ಹೆದರಿದ್ದೆ ಎಂದು ನಾಚಿಕೆಯಾಯಿತು.

ಪರ್ಮಿಟನ್ನು ನಾನೇ ಒಯ್ದೆ. ಕೂಸು ಉಳಿದಿತ್ತು. ಅದರ ಸಣ್ಣ ಅಳು ಕೇಳುತ್ತಾ ಕಾಗದವನ್ನು ಮುಂದೆ ಹಿಡಿದೆ. ಮಾಬೂಬಿ ಕಾಗದವನ್ನು ಕಣ್ಣಿಗೊತ್ತಿಕೊಂಡು, "ಕೂಡ್ರಿ" ಎಂದು ಒಲೆಯ ಕಡೆ ತಿರುಗಿದರು.

"ಬ್ಯಾಡ್ರಿ! ಒಲಿ ಹಚ್ಚಬ್ಯಾಡ್ರಿ!" ನಾನು ಹೆಚ್ಚುಕಡಿಮೆ ಕೂಗಿದೆ.

"ಯಾಕ್ರಿ ಹೆದರ್ತೀರಿ? ಇವತ್ತು ಬರಿಯಾಕ ಬಂದಿಲ್ಲಲ್ಲ ನೀವು."

ಅಂದರೆ ಆಕೆಗೆ ಗೊತ್ತಿತ್ತು. ತಿರಸ್ಕಾರದ ಕಾಗದದಲ್ಲಿ ಕಾರಣ ಬರೆದಿರುತ್ತದೆ, ಜುಲೇಖಾ ಓದು ಬಲ್ಲವಳು. ನಾನು ತಲೆ ತಗ್ಗಿಸಿದೆ.

"ನೀವೇನು ಸುಳ್ಳು ಬರದಿಲ್ಲ ಬಿಡ್ರಿ, ಒಲಿ ಉರೀತಿತ್ತು" ಎಂದರು ಮಾಬೂಬಿ. ಆಮೇಲೆ ಬಾಗಿಲ ಕಡೆ ಒಮ್ಮೆ ನೋಡಿ, ದನಿ ಇಳಿಸಿದರು. "ಸಾಹೇಬ್ರ, ನೀವು ಓದಿದೋರು, ಒಂದು ಮಾತು ಕೇಳ್ಲೇನು? ಅವತ್ತು ನಿಮ್ಮ ಕಾಲತಾವ ಇಟ್ನೆಲ್ಲ ಕೆಂಡ, ಅದು ಕೂಸಿನ ಮಗ್ಗಲಾಗ ಇದ್ದದ್ದು. ಮನ್ಯಾಗ ಇದ್ದದ್ದು ಅದೊಂದಾ. ಬಂದೋರು ನಡುಗ್ತಾ ನಿಂತಿದ್ರು, ಎತ್ತಿ ತಂದುಬಿಟ್ಟೆ. ವಾಪಸ್ ಕೊಡ್ರಿ ಅಂತ ಹೆಂಗ ಕೇಳ್ಲಿ? ನೀವು ಹೋದ ಮ್ಯಾಲ ಹೋಗಿ ನೋಡ್ತೀನಿ, ಕೂಸಿನ ಕೈ ಕಾಲು ತಣ್ಣಗ ಆಗಿ ನೀಲಿಗಟ್ಟಿತ್ತು. ನಾನೂ ನನ್ನ ಮಗಳೂ ಸರದಿ ಮ್ಯಾಲ ಎದಿಗೆ ಅವುಚಿಗ್ಯಂಡು ಬೆಳಗು ಮಾಡಿದ್ವಿ. ನೀಲಕ್ಕಗೂ ಹೇಳಿಲ್ಲ ಇದನ್ನ. ಕೂಸಿನ ಬೆಂಕಿ ಕಸಗಂಡು ಬಂದೋಳು ನಾನು. ಅಲ್ಲಾ ನನ್ನ ಮಾಫ್ ಮಾಡ್ತಾನೇನ್ರಿ?"

ಇವತ್ತು ಇಷ್ಟನ್ನೂ ನಾನು ಪಡಸಾಲೆಯಲ್ಲಿ ಕೂತು, ಬಾಗಿಲ ಮರೆಯಲ್ಲಿದ್ದ ಮೊಮ್ಮಗಳಿಗೆ ಹೇಳಿದೆ. ನೀಲಮ್ಮನ ಮಾತು ಬಂದಾಗ ಅವಳು ಎಂದಿನಂತೆ ನಕ್ಕಿದ್ದಳು. ಅಲ್ಲಿಗೇ ಮುಗಿಯಿತೆಂದು ಹೆಂಡತಿ ಎದ್ದು ಹೊರಟಿದ್ದಳು. ನಾನು ನಿಲ್ಲಿಸದೆ ಮುಂದುವರಿಸಿದ್ದು ಕಂಡು, ಕೈಯಲ್ಲಿದ್ದ ಬಟ್ಟೆಯೊಂದಿಗೆ ಅಲ್ಲೇ ನಿಂತಳು.



"ಅದಕ್ಕೆ ನೀವೇನಂದ್ರಿ ಅಜ್ಜಾ?" ಎಂದಳು ಮೊಮ್ಮಗಳು.

"ಏನೂ ಅನ್ನಲಿಲ್ಲವ್ವಾ" ಎಂದೆ. "ಚಾ ಕುಡಿದು ಎದ್ದು ಬಂದೆ."